ಮೂರನೆಯ ಮಂಚ

ಹಡಗಿನಲ್ಲಿ ಸ್ವಂತ ಕೋಣೆ ಮಾಡಿಸಿಕೊಂಡು ಹೋದರೆ ಕೊಟ್ಟ ದುಡ್ಡು ಸಾರ್ಥಕವಾಗುತ್ತದೆಯೇ ಎಂದು ನನ್ನನ್ನು ಕೇಳದ ಹೆಂಗಸು ಒಂದು ಕಾಲದಲ್ಲಿ ಕಂಪ್ಲಿಯಲ್ಲಿ ಇರಲಿಲ್ಲ. ನಮ್ಮ ಓಣಿಯಿಂದ ರಂಗೂನಿಗೆ ಹೋಗಿಬಂದವಳು ನಾನೊಬ್ಬಳೇ. ನೀರಿಗೆ ಹೋದಲ್ಲಿ, ಮದುವೆಯ ಪಂಕ್ತಿಯಲ್ಲಿ, ಹೊಸಪೇಟೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕುಳಿತಾಗ, ಎಲ್ಲ ಕಡೆ ಅದೇ ಪ್ರಶ್ನೆ. ನಾನು ತಲೆಯ ಮೇಲೆ ತಿರುಗುವ ಫ್ಯಾನಿನ ಬಗ್ಗೆ, ಕೈಯಿಟ್ಟು ತಿರುವಿದರೆ ನೀರು ಬೀಳುವ ನಲ್ಲಿಯ ಬಗ್ಗೆ, ಆಳೆತ್ತರದ ಕನ್ನಡಿಯ ಬಗ್ಗೆ ಹೇಳುತ್ತಿದ್ದೆ. ಅವರು ಬಾಯಿ ಬಿಟ್ಟುಕೊಂಡು ಕೇಳಿ ಹೋಗುತ್ತಿದ್ದರು. ಅರ್ಧ ಹೇಳಿ ಅರ್ಧ ನುಂಗಿದರೆ ಯಾರೂ ಸುಳ್ಳು ಅನ್ನುವುದಿಲ್ಲ ಎಂಬುದನ್ನು ನಾನು ನನ್ನ ಯಜಮಾನರಿಂದಲೇ ಕಲಿತಿದ್ದೆ. ಈಗ ಅವರೂ ಇಲ್ಲ, ನನ್ನ ಅವ್ವನೂ ಇಲ್ಲ. ನುಂಗಿದ ಅರ್ಧವನ್ನು ಹೇಳಿಬಿಡುತ್ತೇನೆ.

ನನ್ನ ತವರು ಮಲಪನಗುಡಿ. ಅಪ್ಪ ಹೋದ ಮೇಲೆ ಅವ್ವ ಬಾಳೆತೋಟವನ್ನು ತಾನೇ ನೋಡಿಕೊಂಡಳು. ಗೊನೆ ಬಲಿತಾಗ ಗಾಡಿ ಕಟ್ಟಿಸಿ ಹಂಪಿ ಬಜಾರಿಗೆ ಒಯ್ದು, ವಿರೂಪಾಕ್ಷನ ಗುಡಿಯ ಮುಂದಿನ ಕಲ್ಲು ಮಂಟಪದಲ್ಲಿ ಗೋಣಿತಟ್ಟು ಹಾಸಿ ಕುಳಿತು ಮಾರುತ್ತಿದ್ದಳು. ಎಲೆ-ಅಡಿಕೆಯ ಬಾಯಿ, ಬರಿಗಾಲು, ಮಂಟಪದ ಆ ತುದಿಗೆ ಕೇಳುವಂಥ ದನಿ. ಯಾತ್ರೆಗೆ ಬಂದವರು ಚೌಕಾಸಿಗೆ ಇಳಿದರೆ "ಹಣ್ಣು ತಿನ್ರಿ, ನನ್ನ ತಲಿ ತಿನ್ನಬ್ಯಾಡ್ರಿ" ಎನ್ನುತ್ತಿದ್ದಳು. ಅಂಥವಳಿಗೆ ಇದ್ದದ್ದು ಒಂದೇ ಹುಚ್ಚು. ಅವಳ ತೋಟಕ್ಕೆ ಬರುವ ಕಾಲುವೆ ನೀರು ತುಂಗಭದ್ರೆಯದು. ಆ ಹೊಳೆ ಹಂಪಿಯ ಬಂಡೆಗಳ ಸಂದಿನಲ್ಲಿ ನುಗ್ಗಿ ಕಣ್ಮರೆಯಾಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದಳು. "ಇಷ್ಟು ನೀರು ದಿನಾ ಹೊಕ್ಕೈತಲ್ಲ, ಎಲ್ಲಿ ಹೋಗಿ ಬೀಳ್ತೈತಿ ಅಂತ ಒಮ್ಮೆ ನೋಡಿ ಸಾಯಬೇಕವ್ವ" ಎನ್ನುತ್ತಿದ್ದಳು. ಸಮುದ್ರ ನೋಡಬೇಕು ಎಂದು ಅವಳು ಹೇಳಿದ್ದು ನನಗೆ ನೆನಪಿಲ್ಲ. ಹೊಳೆಯ ಕೊನೆ ನೋಡಬೇಕು ಎನ್ನುವುದೇ ಅವಳ ಮಾತು.

ನನ್ನನ್ನು ಕೊಟ್ಟದ್ದು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ. ನಮ್ಮ ಯಜಮಾನರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವರು. ಗಿರಣಿಗೆ ಹೊಸ ಯಂತ್ರ ತರಿಸಬೇಕು, ಅದನ್ನು ರಂಗೂನಿನ ದೊಡ್ಡ ಗಿರಣಿಗಳಲ್ಲಿ ಕಣ್ಣಾರೆ ನೋಡಿಬರಬೇಕು ಎಂದು ಅವರು ಹೊರಟಾಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. "ನೀನೂ ಬಾ" ಎಂದರು. ಆ ಹುರುಪಿನಲ್ಲೇ "ಅವ್ವನ್ನೂ ಕರಕೊಂಡು ಹೋಗೋಣ್ರಿ" ಎಂದೆ. "ಆಗಲಿ, ಆಕೀನೂ ಬರ್ಲಿ. ಮೊದಲನೇ ದರ್ಜೆ ಕ್ವಾಣಿನ ಹಿಡಿಸ್ತೀನಿ" ಎಂದರು. ಇದು ಅವರೇ ತಮ್ಮ ಬಾಯಿಂದ ಆಡಿದ ಮಾತು. ನಾನು ಮಲಪನಗುಡಿಗೆ ಹೇಳಿಕಳಿಸಿದೆ. ಅವ್ವ ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆಯನ್ನು ಬಿಸಿಲಿಗೆ ಹಾಕಿದಳಂತೆ. ಹಂಪಿ ಬಜಾರಿನಲ್ಲಿ ಹೂ ಮಾರುವವರಿಗೆ, ಕುಂಕುಮ ಮಾರುವವರಿಗೆ, ಕೊನೆಗೆ ಗುಡಿಯ ಪೂಜಾರಿಗೂ "ಹೊಳಿ ಹಿಂದ ನಾನೂ ಹೊಂಟೀನಿ" ಎಂದು ಸಾರಿಕೊಂಡು ಬಂದಳಂತೆ.

ಹೊರಡುವುದಕ್ಕೆ ಸ್ವಲ್ಪ ದಿನ ಉಳಿದಿರುವಾಗ ಯಜಮಾನರು ಊಟದ ಎಲೆಯ ಮುಂದೆ ಕುಳಿತು ಹೇಳಿದರು: "ಕ್ವಾಣಿ ಇಬ್ಬರಿಗೇ ಐತಂತ. ಮೂರನೇದವರಿಗೆ ಕಾಲು ಚಾಚಾಕ ಜಾಗ ಇಲ್ಲ."

"ಹಂಗಾರ ಕ್ವಾಣಿ ಬ್ಯಾಡ್ರಿ. ಮೂವರೂ ಬಯಲು ಡೆಕ್ಕಿನಾಗ ಕುಂತು ಹೋಗೋಣ."

"ನಿಮ್ಮವ್ವ ಲಿಂಗಪೂಜಿ ಆಗದ ಬಾಯಿಗೆ ನೀರ ಹಾಕಾಕಿ ಅಲ್ಲ. ಅಲ್ಲಿ ಮಂದಿ ಕಕ್ಕೊಂಡು ಬಿದ್ದಿರ್ತಾರ. ಅದರ ನಡುವ ಆಕೀನ್ನ ಕುಂದ್ರಸ್ತಿ ಏನು? ವಯಸ್ಸಾದ ಜೀವ."

ಅವ್ವನ ಪೂಜೆಯ ಚಿಂತೆ ನನಗಿಂತ ಅವರಿಗೇ ಹೆಚ್ಚಿದೆಯಲ್ಲ ಎಂದು ಅಂದುಕೊಂಡೆ. ಅಂಥ ಅಳಿಯ ಸಿಕ್ಕಿದ್ದಕ್ಕೆ ಒಳಗೊಳಗೇ ಖುಷಿಯನ್ನೂ ಪಟ್ಟೆ. ಇಂದಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಬೈದು ಬೇಡವೆಂದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಅವ್ವನಿಗೆ ಹೇಳಲೇಬೇಕಲ್ಲ. ಗಾಡಿ ಕಟ್ಟಿಸಿಕೊಂಡು ತವರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿದ್ದೇ ಜೋಡಿಸಿದ್ದು. ಅವ್ವ ತೋಟದಲ್ಲಿ ಗೊನೆಯ ಭಾರಕ್ಕೆ ಬಾಗಿದ ಗಿಡಕ್ಕೆ ಕವೆಗೋಲು ಆನಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕಡೆ ತಿರುಗಿ "ನಾ ಬರೂದಿಲ್ಲವ್ವ. ಗೊನಿ ಕಡಿಯೋ ಕಾಲ, ಬಿಟ್ಟು ಹೆಂಗ ಬರ್ಲಿ. ನೀವಿಬ್ಬರೂ ಹೋಗಿ ಬರ್ರಿ" ಎಂದಳು.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬೇಡವಾಯಿತು. "ಹೌದೇನವ್ವ" ಎಂದಷ್ಟೇ ಕೇಳಿದೆ. "ಹೂಂ" ಎಂದಳು. ಕುಡುಗೋಲು ತೆಗೆದುಕೊಂಡು ತೋಟದಲ್ಲೇ ಚೆನ್ನಾದ ಸುಗಂಧಿ ಬಾಳೆಯ ಗೊನೆಯೊಂದನ್ನು ಕಡಿದು ಗಾಡಿಯಲ್ಲಿ ಇಡಿಸಿದಳು. ಹಾದಿಗೆ ಇರಲಿ, ನೀವು ಹಡಗು ಹತ್ತುವಷ್ಟರಲ್ಲಿ ಹಣ್ಣಾಗುತ್ತದೆ ಎಂದಳು. ಗಾಡಿ ಹೊರಡುವಾಗ ಓಡಿಬಂದು ಒಂದು ಹಿತ್ತಾಳೆ ತಂಬಿಗೆ ಕೊಟ್ಟಳು. "ಹೊಳಿ ಬಿದ್ದಲ್ಲಿಂದ ಇದರಾಗ ನೀರು ತಗೊಂಬಾ."

ಹೊಸಪೇಟೆಯಿಂದ ಗುಂತಕಲ್ಲು, ಅಲ್ಲಿಂದ ಮದರಾಸು. ಹಡಗಿನ ಮೆಟ್ಟಿಲು ಹತ್ತುವಾಗ ಯಜಮಾನರು ಹೊಸ ಕೋಟು ಹಾಕಿದ್ದರು. ತೆಲುಗು ಸೀಮೆಯ ಬಟ್ಲರ್ ಒಬ್ಬ ನಮ್ಮನ್ನು ಕೋಣೆಗೆ ಕರೆದೊಯ್ದು ಬಾಗಿಲು ತೆರೆದ. ಕೋಣೆ ಚೆಂದವಿರಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಬಿಳಿ ಬಣ್ಣದ ಗೋಡೆ, ಹೊಳೆಯುವ ಹಿತ್ತಾಳೆ ಹಿಡಿಕೆ, ಸಮುದ್ರದ ಕಡೆಗೆ ಮೊರದಗಲದ ದುಂಡು ಕಿಟಕಿ. ಪಕ್ಕದಲ್ಲಿ ಬಚ್ಚಲು, ಸಿಹಿನೀರು. ಲಿಂಗಪೂಜೆಗೆ ಕೂರಲು ಹೇಳಿ ಮಾಡಿಸಿದಂಥ ಮೂಲೆ. ಎಡಕ್ಕೆ ಒಂದರ ಮೇಲೊಂದು ಎರಡು ಮಂಚ. ಬಲಕ್ಕೆ, ಕಿಟಕಿಯ ಕೆಳಗೆ, ಇನ್ನೊಂದು.

ಮೂರು ಮಂಚ. ಮೂರರ ಮೇಲೂ ದಿಂಬು, ಮೂರರ ಮೇಲೂ ಮಡಿಸಿಟ್ಟ ಟವೆಲು. ಬಟ್ಲರ್ ನಮ್ಮ ಹಿಂದೆ ಬಾಗಿಲ ಕಡೆ ನೋಡಿ "ಮೂಡೋ ಅಮ್ಮಗಾರು ರಾಲೇದಾ?" ಎಂದು ಕೇಳಿದ. ಮೂರನೆಯವರಾದ ಅಮ್ಮ ಬರಲಿಲ್ಲವೇ ಎಂದು. ಬಳ್ಳಾರಿ ಸೀಮೆಯವರಿಗೆ ಅಷ್ಟು ತೆಲುಗು ಅರ್ಥವಾಗದೆ ಇರುತ್ತದೆಯೇ? ಯಜಮಾನರು ಅವನ ಕೈಗೆ ಇನಾಮು ತುರುಕಿ ಸಾಗಹಾಕಿದರು. ಆಮೇಲೆ ಅವ್ವ ಕೊಟ್ಟ ಬಾಳೆಗೊನೆಯನ್ನು ಎತ್ತಿ, ಹಣ್ಣು ಜಜ್ಜಿಹೋಗಬಾರದೆಂದು ಜೋಪಾನವಾಗಿ, ಕಿಟಕಿಯ ಕೆಳಗಿನ ಮಂಚದ ಮೇಲೆ ಮಲಗಿಸಿದರು.

"ಇಬ್ಬರಿಗೇ ಜಾಗ ಅಂದಿದ್ರಿ" ಎಂದೆ.

"ಮೂರೂ ಮಂಚ ಹಿಡೀಬೇಕಾತು. ಇಲ್ಲಾಂದ್ರ ಗಂಡ ಹೆಂಡ್ತಿ ನಡುವ ಯಾರನ್ನಾರ ತಂದು ತುರುಕ್ತಾರ."

"ತುರುಕಾಕ ನಮ್ಮವ್ವ ಇದ್ಲಲ್ರಿ."

ಅವರು ಕೋಟು ಬಿಚ್ಚಿ ಮೊಳೆಗೆ ಹಾಕಿದರು. ಆಮೇಲೆ ಹೇಳಿದರು: "ನಿಮ್ಮವ್ವ ಬಜಾರದಾಗ ತಟ್ಟು ಹಾಸ್ಕೊಂಡು ಹಣ್ಣು ಮಾರಾಕಿ. ಬಾಯಿ ತುಂಬ ಎಲಿ ಅಡಿಕಿ. ಈ ಹಡಗದಾಗ ದೊಡ್ಡ ದೊಡ್ಡ ವ್ಯಾಪಾರಸ್ಥರು ಅದಾರ. ನಾಳೆ ಅವರ ಜೋಡಿ ನಾ ವ್ಯವಹಾರ ಮಾಡಬೇಕು. ತಿಳಕೋ."

ತಿಳಿದುಕೊಂಡೆ. ತಿಳಿಯದೆ ಏನು. ಪೂಜೆಯ ಮಾತು, ವಯಸ್ಸಾದ ಜೀವದ ಮಾತು, ಎಲ್ಲವೂ ನನ್ನ ಬಾಯಿ ಮುಚ್ಚಿಸುವುದಕ್ಕೆ. ಮರುದಿನದಿಂದ ಆ ವ್ಯಾಪಾರಸ್ಥರು ಒಬ್ಬೊಬ್ಬರಾಗಿ ನಮ್ಮ ಕೋಣೆಗೆ ಬಂದು ಹೋದರು. ಯಜಮಾನರು ಒಬ್ಬೊಬ್ಬರಿಗೂ ಗೊನೆಯಿಂದ ಹಣ್ಣು ಮುರಿದು ಕೊಟ್ಟು "ನಮ್ಮ ತೋಟದ್ದು, ರುಚಿ ನೋಡ್ರಿ" ಎಂದರು. ಅವರು ಎರಡೆರಡು ತಿಂದರು. ಹಣ್ಣು ಬೇಕು, ಹಣ್ಣು ಮಾರುವವಳು ಬೇಡ. ನಾನು ಒಂದನ್ನೂ ಮುಟ್ಟಲಿಲ್ಲ. ಗೊನೆ ಮುಗಿದು ಬರಿಯ ದಿಂಡು ಉಳಿದಾಗ ಬಟ್ಲರ್ ಅದನ್ನು ಎತ್ತಿಕೊಂಡು ಹೋದ. ಅಲ್ಲಿಂದ ಆ ಮಂಚ ಖಾಲಿ. ಮಲಗಿದರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಬರಲಿಲ್ಲ ಎಂದು ನಾನು ಓಣಿಯ ಹೆಂಗಸರಿಗೆ ಯಾವತ್ತೂ ಹೇಳಿರಲಿಲ್ಲ.

ಕೋಣೆಯಲ್ಲಿ ಕೂರಲಾರದೆ ಒಂದು ಮಧ್ಯಾಹ್ನ ಹೊರಗೆ ಬಂದು ಕೆಳಗಿನ ಡೆಕ್ಕಿನತ್ತ ನೋಡುತ್ತ ನಿಂತೆ. ಅಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದ ಮುದುಕಿಯೊಬ್ಬಳು ಕನ್ನಡದಲ್ಲಿ ಯಾರನ್ನೋ ಗದರುತ್ತಿದ್ದಳು. ಇಳಿದು ಹೋಗಿ ಮಾತಾಡಿಸಿದೆ. ಸಂಡೂರಿನವಳು, ರಂಗೂನಿನಲ್ಲಿ ಕೆಲಸಕ್ಕಿದ್ದ ಮಗನ ಬಳಿಗೆ ಸೊಸೆಯನ್ನು ಬಿಡಲು ಹೊರಟಿದ್ದಳು. ಸುತ್ತಲೂ ಗಂಟುಮೂಟೆ, ನಾತ, ಅಳುವ ಕೂಸುಗಳು. ಯಜಮಾನರು ಹೇಳಿದ್ದರಲ್ಲಿ ಅಷ್ಟು ನಿಜವಿತ್ತು. ಆದರೆ ಮುದುಕಿಯ ಮುಂದೆ ಸಮುದ್ರ ಅಡ್ಡಿಯಿಲ್ಲದೆ ಬಿದ್ದುಕೊಂಡಿತ್ತು. ಸಜ್ಜೆರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಅದನ್ನೇ ನೋಡುತ್ತಿದ್ದಳು.

"ನಿಮ್ಮ ಕ್ವಾಣ್ಯಾಗ ಸಮುದ್ರ ಕಾಣ್ತೈತೇನ್ರಿ?" ಎಂದು ಕೇಳಿದಳು.

"ಕಾಣ್ತೈತ್ರಿ, ಮೊರದಷ್ಟು."

"ಅಷ್ಟರಾಗ ಏನು ಕಾಣ್ತೈತ್ರಿ. ಇಲ್ಲೇ ಕುಂದರ್ರಿ" ಎಂದು ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. ಕುಳಿತೆ. ಅವ್ವ ಇಲ್ಲಿಯೇ ಕೂರಬಹುದಿತ್ತು, ನಾತದ ನಡುವೆಯೇ, ಇದೇ ಚಾಪೆಯ ಮೇಲೆ. ಪೂಜೆಗೆ ಒಂದು ತಂಬಿಗೆ ನೀರು ನಾನು ಮೇಲಿನಿಂದ ತಂದುಕೊಡುತ್ತಿದ್ದೆ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಹಡಗಿನ ಓಲಾಟ ಹಿಡಿಸಲಿಲ್ಲ ಎಂದುಕೊಂಡು ಆ ಮುದುಕಿ ನಿಂಬೆಹಣ್ಣು ಕೊಟ್ಟಳು.

ರಂಗೂನು ನನಗೆ ಅಷ್ಟಾಗಿ ನೆನಪಿಲ್ಲ. ಯಜಮಾನರು ಯಂತ್ರ ನೋಡಿದರು, ಮೆಚ್ಚಿದರು. ವಾಪಸು ಬಂದು ಮದರಾಸಿನಲ್ಲಿ ಇಳಿದಾಗ, ನಮ್ಮ ಹೊಳೆ ಬೀಳುವುದೂ ಇದೇ ಸಮುದ್ರಕ್ಕಲ್ಲವೇ ಎಂದು, ದಂಡೆಗೆ ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಂತು ತಂಬಿಗೆ ತುಂಬಿಸಿದೆ. ಅದರ ಬಾಯಿಗೆ ಬಾಳೆಲೆ ಸುತ್ತಿ ಬಟ್ಟೆ ಕಟ್ಟಿ, ಹೊಸಪೇಟೆಯವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಕಂಪ್ಲಿಗೆ ಹೋಗದೆ ಸ್ಟೇಷನ್ನಿನಿಂದ ನೇರ ತವರಿನ ಹಾದಿ ಹಿಡಿದೆ. ಯಜಮಾನರು ತಡೆಯಲಿಲ್ಲ.

ಅವ್ವ ಕಟ್ಟೆಯ ಮೇಲೆ ಕುಳಿತು ತಂಬಿಗೆಯ ಬಟ್ಟೆ ಬಿಚ್ಚಿದಳು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. "ನಮ್ಮ ನೀರು ಇಷ್ಟು ಕೆಡ್ತೈತೇನು" ಎಂದಳು. ನಾನು ತಡೆಯಲಾರದೆ ಹೇಳಿಬಿಟ್ಟೆ.

"ಮೂರು ಮಂಚ ಇದ್ದವವ್ವ. ಇಬ್ಬರಿಗೇ ಜಾಗ ಅಂತ ನನಗ ಸುಳ್ಳು ಹೇಳಿದ."

ಗಂಡನನ್ನು ನಾನು ಏಕವಚನದಲ್ಲಿ ಆಡಿದ್ದು ಅದೇ ಮೊದಲು. ಅವ್ವ ಅದಕ್ಕೆ ಬೈಯುತ್ತಾಳೆ ಅಂದುಕೊಂಡೆ. ಅವಳು ತಂಬಿಗೆಯ ಬಾಯಿಗೆ ಮತ್ತೆ ಬಟ್ಟೆ ಸುತ್ತುತ್ತ ಹೇಳಿದಳು: "ಮೂರು ಅದಾವಂತ ನನಗ ಗೊತ್ತಿತ್ತು."

ನನಗೆ ಅರ್ಥವಾಗಲಿಲ್ಲ.

"ಅವತ್ತು ನೀ ಬರೋ ಮೊದಲ ನಿನ್ನ ಗಂಡ ಬಂದಿದ್ದ. ಇದ ಕಟ್ಟಿ ಮ್ಯಾಲ ಕುಂತು ಮಜ್ಜಿಗಿ ಕುಡಿದು ಹೇಳಿದ. ಮೂರು ಮಂಚ ಹಿಡಿದೀನ್ರಿ, ನಿಮಗ ಜಾಗ ಐತಿ. ಆದ್ರ ನಿಮ್ಮ ಮಗಳಿಗೆ ನೀವು ಬರೋದು ಬ್ಯಾಡಾಗೈತಿ. ದೊಡ್ಡ ಮಂದಿ ನಡುವ ನಿಮ್ಮನ್ನ ಕರಕೊಂಡು ಓಡಾಡಾಕ ಆಕಿಗೆ ನಾಚಿಕಿ. ಆಕಿ ಬಾಯಿಂದ ಅನ್ನಿಸಬ್ಯಾಡ್ರಿ, ನೀವಾ ಒಲ್ಲೆ ಅಂದುಬಿಡ್ರಿ ಅಂತ."

ತನ್ನ ನಾಚಿಕೆಯನ್ನು ಆ ಮನುಷ್ಯ ನನ್ನ ಹೆಸರಿನಲ್ಲಿ ಕಟ್ಟಿ, ನನ್ನ ಹೆತ್ತವಳ ಮನೆಗೆ ಹೊತ್ತು ತಂದು ಇಳಿಸಿ ಹೋಗಿದ್ದ.

"ಅದನ್ನ ನೀ ನಂಬಿದ್ಯಾ ಅವ್ವ?"

"ಮೊದಲ ನಂಬಲಿಲ್ಲ. ನೀ ಬಂದಿ. ನಾ ಬರೂದಿಲ್ಲ ಅಂತ ಅಂದು ನಿನ್ನ ಮಾರೀನ ನೋಡ್ತಿದ್ದೆ. ನೀ ಹಗುರಾದಿ. ಅವಾಗ ನಂಬಿದೆ."

ನಾನು ಹಾಗಲ್ಲವೆಂದೆ. ಯಾಕೆ ಹಗುರಾದೆ ಎಂದು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದೆ, ಅವಳ ಮೊಣಕಾಲು ಹಿಡಿದುಕೊಂಡು ಹೇಳಿದೆ. ಅವ್ವ ಎಲ್ಲ ಕೇಳಿಸಿಕೊಂಡು "ಹೂಂ, ಇರ್ಲಿ ಬಿಡು" ಎಂದಳು. ತಂಬಿಗೆಯನ್ನು ಗೋಡೆಯ ಮಾಡದಲ್ಲಿ ಇಟ್ಟು, ನನಗೆ ಉಣ್ಣಲು ಬಡಿಸಿದಳು.

ಯಜಮಾನರ ಜೊತೆ ಅದಾದ ಮೇಲೂ ಸಂಸಾರ ಮಾಡಿದೆ. ಆಗಿನ ಕಾಲದಲ್ಲಿ ಬೇರೆ ಏನು ಮಾಡುತ್ತಿದ್ದೆ? ಅವರನ್ನು ಕೇಳಿದಾಗ "ಆಕೀಗೂ ನೋವಾಗಬಾರದು, ನಿನಗೂ ನೋವಾಗಬಾರದು ಅಂತ ಹಂಗ ಹೇಳಿದೆ" ಎಂದರು, ಅದೇ ಬೆಣ್ಣೆಯಂಥ ದನಿಯಲ್ಲಿ. ಅವರು ಸಾಯುವವರೆಗೆ ನಾನು ಅವರ ಒಂದು ಮಾತನ್ನೂ ಮತ್ತೊಬ್ಬರ ಬಾಯಿಂದ ಕೇಳದೆ ನಂಬಲಿಲ್ಲ.

ಕೆಲವು ವರ್ಷ ಕಳೆದ ಮೇಲೆ, ಅವ್ವನ ಕಾಲಿನಲ್ಲಿ ಇನ್ನೂ ಶಕ್ತಿ ಇರುವಾಗಲೇ, ನಾನೇ ತೋಟಕ್ಕೆ ಹೋಗಿ ಕರೆದೆ. ಮದರಾಸಿಗೆ ಹೋಗೋಣ, ನಾವಿಬ್ಬರೇ, ಮೂರನೇ ದರ್ಜೆಯ ಡಬ್ಬಿಯಲ್ಲಿ, ದಂಡೆಯ ಮೇಲೆ ಕುಳಿತು ಕಣ್ತುಂಬ ನೋಡಿ ಬರೋಣ ಎಂದೆ. ಅವ್ವ ಕೆಲಸ ನಿಲ್ಲಿಸಿ, ಅವತ್ತಿನ ಹಾಗೆಯೇ, ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತಿದ್ದೆ. "ಒಲ್ಲೆ ಬಿಡವ್ವ" ಎಂದು ಅವಳು ಮತ್ತೆ ಗಿಡದ ಕಡೆ ತಿರುಗಿದಳು.