ಹದಿನೆಂಟು ಚಿಟ್ಟಿ, ಐದು ಮೇಣಬತ್ತಿ

ಆಳಂದದ ನಮ್ಮ ಓಣಿ ಬೆಳಗಿನ ಜಾವ ಏಳುತ್ತಿದ್ದುದು ರೊಟ್ಟಿಯ ಸಪ್ಪಳಕ್ಕೆ. ಮೊದಲು ಯಾವುದೋ ಒಂದು ಮನೆಯಲ್ಲಿ ತಟ್ ತಟ್ ಎಂದು ಶುರುವಾಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಸಾಲುಮನೆಗಳೆಲ್ಲ ಅದಕ್ಕೆ ದನಿಗೂಡಿಸುತ್ತಿದ್ದವು. ಆ ದಿನವೂ ಹಾಗೆಯೇ ಆಯಿತು. ಬಚ್ಚಲ ಒಲೆಗೆ ತೊಗರಿಕಟ್ಟಿಗೆ ತುರುಕಿ, ಹಾಲು ಕಾಯಲು ಇಟ್ಟು, ಪರಾತದಲ್ಲಿ ಜೋಳದ ಹಿಟ್ಟಿಗೆ ಬಿಸಿನೀರು ಸುರಿದು ಕುಳಿತೆ. ಅತ್ತೆ ದೇವರ ಕೋಣೆಯಲ್ಲಿ ಲಿಂಗಪೂಜೆಗೆ ಕುಳಿತಿದ್ದರು. ಪೂಜೆ ಮುಗಿಯುವವರೆಗೆ ಅವರು ಮಾತಾಡುವವರಲ್ಲ, ಕೆಮ್ಮಿನಲ್ಲೇ ಮನೆ ನಡೆಸುತ್ತಿದ್ದರು. ಒಂದು ಸಲ ಕೆಮ್ಮಿದರೆ ಹಾಲು ಉಕ್ಕುತ್ತಿದೆ, ಎರಡು ಸಲ ಕೆಮ್ಮಿದರೆ ಬೆಕ್ಕು ಒಳಗೆ ಬಂದಿದೆ ಎಂದು ನಾನು ತಿಳಿದುಕೊಳ್ಳಬೇಕು.

ಆ ದಿನ ಮೂರು ಸಲ ಕೆಮ್ಮಿದರು. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ನೋಡಿದರೆ, ನನ್ನ ಮಗಳು ಆ ಡಿಸೆಂಬರಿನ ಚಳಿಯಲ್ಲಿ ಬರಿಗಾಲಲ್ಲಿ ಪಡಸಾಲೆಯ ನಡುವೆ ನಿಂತು ಹಿತ್ತಾಳೆ ತಂಬಿಗೆಯೊಂದನ್ನು ಗಲಗಲ ಅಲ್ಲಾಡಿಸುತ್ತಿದ್ದಾಳೆ.

"ಅವ್ವಾ, ಎಲ್ಲಾ ಬೀಜ ಆದ್ವು! ಇವತ್ತ ಹೌದಲ್ಲ?"

ತಿಂಗಳ ಮೊದಲ ದಿನ ಅವಳ ಕೈಗೆ ಹನ್ನೆರಡು ಹುಣಸೆಬೀಜ ಕೊಟ್ಟಿದ್ದೆ. ದಿನಕ್ಕೊಂದರಂತೆ ತಂಬಿಗೆಗೆ ಹಾಕು, ಬೀಜ ಮುಗಿದ ದಿನ ನಿನ್ನ ಹುಟ್ಟುಹಬ್ಬ ಎಂದಿದ್ದೆ. ಒಮ್ಮೊಮ್ಮೆ ಎರಡು ಹಾಕಿ ಸಿಕ್ಕಿಬಿದ್ದಿದ್ದಳು, ಒಂದನ್ನು ನುಂಗಿದಾಗ ಬದಲಿಗೆ ಬೇರೆ ಬೀಜ ಕೊಟ್ಟಿದ್ದೆ. ಆ ಬೆಳಗು ಕೊನೆಯ ಬೀಜ ತಂಬಿಗೆಗೆ ಬಿದ್ದು ಅವಳಿಗೆ ಐದು ತುಂಬಿತು.

ಮದುವೆಗೆ ಮುಂಚೆ ನಾನು ಓದಿದ್ದು ಸಿಕಂದರಾಬಾದಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಯಾವ ಹುಡುಗಿಯ ಹುಟ್ಟುಹಬ್ಬವಾದರೂ ಊಟದ ಮನೆಯ ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸುತ್ತಿದ್ದರು, ಬಣ್ಣದ ಕಾಗದದ ಸರಪಳಿ ತೂಗುಬಿಡುತ್ತಿದ್ದರು, ನಡುವೆ ಒಂದು ಕೇಕು ಇಡುತ್ತಿದ್ದರು. ಆ ದಿನದ ಮಟ್ಟಿಗೆ ಆ ಹುಡುಗಿಯ ಕುರ್ಚಿಗೆ ಹೂವಿನ ಮಾಲೆ. ನನ್ನ ಹುಟ್ಟುಹಬ್ಬ ಮಾತ್ರ ಪ್ರತಿವರ್ಷ ಬೇಸಗೆ ರಜೆಯಲ್ಲೇ ಬಂದು ಹೋಗುತ್ತಿತ್ತು. ಆ ಕುರ್ಚಿಯಲ್ಲಿ ನಾನು ಒಮ್ಮೆಯೂ ಕೂರಲಿಲ್ಲ. ಮಗಳಿಗಾದರೂ ಒಂದು ಸಲ ಅದೆಲ್ಲ ಆಗಲಿ ಎಂಬುದು ಅವಳು ಹುಟ್ಟಿದಂದಿನಿಂದ ನನ್ನ ಹೊಟ್ಟೆಯೊಳಗಿದ್ದ ಆಸೆ.

ನಮ್ಮ ಮನೆಯಲ್ಲಿ ಅಂಥ ರೂಢಿ ಇರಲಿಲ್ಲ. ಹುಟ್ಟಿದ ತಿಥಿಗೆ ತಲೆಗೆ ಎಣ್ಣೆ, ಒಂದು ಆರತಿ, ಒಂದಿಷ್ಟು ಗೋಧಿ ಹುಗ್ಗಿ, ಅಷ್ಟೇ. ಅತ್ತೆಯನ್ನು ಕೇಳಲು ಒಂದು ತಿಂಗಳು ಧೈರ್ಯ ಕೂಡಿಸಿದೆ. ಅವರು ಸೊಪ್ಪು ಸೋಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ಮಾಡು. ಮಕ್ಕಳ ಹೊಟ್ಟಿಗಿ ಹಾಕಲಾಕ ನಾ ಬ್ಯಾಡ ಅಂತೇನೇನು? ತತ್ತಿ ಮಾತ್ರ ಮನಿಯಾಗ ಬರಬಾರದು ನೋಡು."

"ತತ್ತಿ ಇಲ್ಲದೇ ಮಾಡ್ತೇನಿ, ಅತ್ತೆವ್ವಾ. ಮತ್ತ ಎಲ್ಲಾರ ಮನಿಗೂ ಚಿಟ್ಟಿ ಬರಸಿ ಕಳಸ್ತೇನಿ."

ಸೊಪ್ಪು ಸೋಸುವ ಕೈ ಆಗ ನಿಂತಿತು. "ಹುಡುಗೂರ್ನ ಕರಿಯಾಕ ಚಿಟ್ಟಿ ಯಾಕಬೇ? ಮಾಳಗಿ ಹತ್ತಿ ಒಂದು ಕೂಗು ಹೊಡದ್ರ ಓಣಿಗಿ ಓಣಿನೇ ಬರ್ತದ. ಇದೇನು ಲಗ್ನೇನು?"

ನಾನು ಹಟ ಬಿಡಲಿಲ್ಲ. ಕಾನ್ವೆಂಟಿನಲ್ಲಿ ಚಿಟ್ಟಿ ಬಂದರೇನೇ ಕರೆದಂತೆ. ಆದರೆ ಅದು ನಿಜಾಮರ ಕಾಲ, ನಮ್ಮ ಓಣಿಯ ಗಂಡಸರು ಓದುತ್ತಿದ್ದುದು ಉರ್ದು. ಶಾಲೆ, ಕಚೇರಿ, ಕೋರ್ಟು ಎಲ್ಲ ಅದರಲ್ಲೇ. ನನಗೆ ಇಂಗ್ಲಿಷು ಬರುತ್ತಿತ್ತು, ಕನ್ನಡ ಬರುತ್ತಿತ್ತು, ಲ್ಯಾಟಿನ್ನಿನಲ್ಲಿ ಒಂದೆರಡು ಪ್ರಾರ್ಥನೆ ಕೂಡ ಬರುತ್ತಿದ್ದವು. ಉರ್ದುವಿನ ಒಂದು ಅಕ್ಷರ ಬರುತ್ತಿರಲಿಲ್ಲ. ನನ್ನ ಗಂಡ ವಕೀಲರು. ಅವರ ಕೈಗೆ ಹದಿನೆಂಟು ತುಂಡು ಗುಲಾಬಿ ಕಾಗದ ಕೊಟ್ಟು, "ಹನ್ನೆರಡನೇ ತಾರೀಖು, ಸಾಲಿ ಬಿಟ್ಟ ಮ್ಯಾಲೆ" ಎಂದು ಹೇಳಿದೆ. ಅವರು ಅದನ್ನು ತಮ್ಮ ಕಾರಕೂನರಿಗೆ ಹೇಳಿದರು. ಸಂಜೆ ಚಿಟ್ಟಿಗಳು ಬಂದವು. ಬಲದಿಂದ ಎಡಕ್ಕೆ ಇರುವೆಸಾಲಿನಂಥ ಅಕ್ಷರ. ಒಂದೂ ಓದಲು ಬಾರದಿದ್ದರೂ ಎಷ್ಟು ಚೆಂದ ಎಂದು ತಿರುಗಿಸಿ ಮುರುಗಿಸಿ ನೋಡಿ, ನೆನಪಿಗೆ ಒಂದನ್ನು ಕನ್ನಡಿಯ ಹಿಂದೆ ಸಿಕ್ಕಿಸಿಟ್ಟು, ಉಳಿದದ್ದನ್ನು ಕಳಿಸಿದೆ.

ಇನ್ನು ಆ ದಿನದ ಕೇಕಿನ ಮಾತು. ರವೆ, ಮೊಸರು, ಸಕ್ಕರೆ, ನಿಂಬರ್ಗಾದ ಹೊಲದಿಂದ ನಮ್ಮ ಒಕ್ಕಲಿನವರು ತಂದುಕೊಟ್ಟಿದ್ದ ಎಮ್ಮೆ ತುಪ್ಪ, ಚಿಟಿಕೆ ಸೋಡಾ. ಕಲಸಿದ್ದು ನಾನೇ. ಬೇಯಿಸುವುದು ಹೇಗೆ ಎಂಬಲ್ಲಿ ಸೋತೆ. ಕಾನ್ವೆಂಟಿನಲ್ಲಿ ಕಬ್ಬಿಣದ ಒಲೆಯ ಬಾಗಿಲು ತೆರೆದು ಒಳಗಿಡುತ್ತಿದ್ದರು. ನಮ್ಮಲ್ಲಿ ಬಾಗಿಲಿದ್ದದ್ದು ಮನೆಗೆ ಮಾತ್ರ. ತಪ್ಪೇಲಿ ಹಿಡಿದು ಒಲೆಯ ಮುಂದೆ ನಿಂತಿದ್ದಾಗ ಅತ್ತೆ ಬಂದು ಅದನ್ನು ಕಸಿದುಕೊಂಡರು. ದೊಡ್ಡ ಪಾತ್ರೆಯ ತಳಕ್ಕೆ ಉಸುಕು ಹಾಕಿ, ಅದರ ಮೇಲೆ ತಪ್ಪೇಲಿ ಕೂರಿಸಿ, ಮುಚ್ಚಳದ ಮೇಲೆ ನಿಗಿನಿಗಿ ಕೆಂಡ ಸುರಿದರು.

"ಕೆಳಗ ಬೆಂಕಿ, ಮ್ಯಾಲ ಬೆಂಕಿ. ಇಷ್ಟ ಹೇಳಲಾಕ ನಿಮ್ಮ ಸಾಲ್ಯಾಗ ಎಷ್ಟ ವರ್ಷ ತಗೊಂಡ್ರು?"

ಒಂದು ತಾಸಿಗೆ ಮುಚ್ಚಳ ತೆಗೆದರೆ ಹೊಂಬಣ್ಣದ ಕೇಕು. ಒಂದು ಕಡೆ ಕೊಂಚ ಕಪ್ಪಾಗಿ, ನಡುವೆ ಕೊಂಚ ಕುಸಿದಿತ್ತು. ಅತ್ತೆ ಅಂಚಿನ ಒಂದು ಚೂರು ಮುರಿದು ಮೂಸಿದರು. ಬಾಯಿಗೆ ಹಾಕಿಕೊಂಡರು. ಇನ್ನೊಂದು ಚೂರು ಮುರಿದರು.

ನಿಜವಾದ ಜಗಳ ಆದದ್ದು ಮೇಣಬತ್ತಿಯ ಮೇಲೆ. ಕೇಕಿನ ಮೇಲೆ ಐದು ಬತ್ತಿ ಹಚ್ಚಿ, ಮಗು ಊದಿ ಆರಿಸಬೇಕು ಎಂದು ಹೇಳಿದೆನೋ ಇಲ್ಲವೋ, ಅತ್ತೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

"ಶಿವ ಶಿವಾ! ಹುಟ್ಟಿದ ದಿನ ದೀಪ ಬಾಯಿಲೆ ಊದಿ ಆರಸ್ತಾರೇನು? ಹಚ್ಚು. ಐದಲ್ಲ, ಐವತ್ತು ಹಚ್ಚು. ಆರಸೂದು ಮಾತ್ರ ನನ್ನ ಮನಿಯಾಗ ನಡಿಯಂಗಿಲ್ಲ."

ಅವೇ ಉರಿದು ಮುಗಿಯಲಿ ಎಂದು ಒಪ್ಪಂದವಾಯಿತು.

ಮಧ್ಯಾಹ್ನಕ್ಕೆಲ್ಲ ಪಡಸಾಲೆ ಸಿದ್ಧವಾಯಿತು. ಗಾಳಿಪಟದ ಕಾಗದ ಕತ್ತರಿಸಿ, ಗಂಜಿಯಲ್ಲಿ ಅಂಟಿಸಿ ಮಾಡಿದ್ದ ಸರಪಳಿ ಕಂಬದಿಂದ ಕಂಬಕ್ಕೆ ತೂಗುತ್ತಿತ್ತು. ಬುಟ್ಟಿ ತುಂಬ ಶೇಂಗಾ ಉಂಡಿ, ಚುರುಮುರಿ, ಹೊಲದಿಂದ ಬಂದ ಹಸಿಕಡಲೆಯ ಗಿಡಗಳು. ಮನೆಯಲ್ಲಿದ್ದ ಒಂದೇ ಕುರ್ಚಿ ನನ್ನ ಗಂಡನ ದಫ್ತರದ್ದು. ಅದನ್ನು ಹೊರಗೆ ಎಳೆದು ತಂದು ಚೆಂಡುಹೂವಿನ ಮಾಲೆ ಕಟ್ಟಿದೆ. ನಾನೇ ಹೊಲಿದ ಹಳದಿ ಫ್ರಾಕು ತೊಡಿಸಿ, ರಿಬ್ಬನ್ನು ಕಟ್ಟಿ ಮಗಳನ್ನು ತಯಾರು ಮಾಡಿದೆ. ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಮೊದಲು ಬಂದವರನ್ನು ತಾನೇ ಕರೆಯಬೇಕೆಂದು ತಲಬಾಗಿಲ ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕುಳಿತಳು.

ಶಾಲೆ ಬಿಟ್ಟ ಗದ್ದಲ ಕೇಳಿಸಿತು. ಮಕ್ಕಳು ಗುಂಪುಗುಂಪಾಗಿ ಬಂದರು, ನಮ್ಮ ಬಾಗಿಲ ಮುಂದೆಯೇ ಹಾದುಹೋದರು. ಪಕ್ಕದ ಮನೆಯ ಕಿರಾಣಿ ಸಾಹುಕಾರರ ಇಬ್ಬರು ಹುಡುಗಿಯರು ಇವಳ ಫ್ರಾಕನ್ನು ಬಾಯಿ ತೆರೆದು ನೋಡಿ ತಮ್ಮ ಮನೆಯೊಳಗೆ ಹೋದರು. ಬಟ್ಟೆ ಬದಲಿಸಿ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ಬಿಸಿಲು ಕಟ್ಟೆಯಿಂದ ಕೆಳಗಿಳಿದು ಓಣಿಯ ಆಚೆ ಗೋಡೆಗೆ ಹತ್ತಿತು. ಎಮ್ಮೆಗಳು ಮನೆಗೆ ಬಂದವು. ಒಂದು ಎಮ್ಮೆ ನಿಂತು ಇವಳ ರಿಬ್ಬನ್ನನ್ನು ಮೂಸಿ ಮುಂದೆ ಹೋಯಿತು.

"ಅವ್ವಾ," ಎಂದಳು ಮಗಳು, ಹಿಂದಿರುಗಿ ನೋಡದೆ, "ಎಲ್ಲಾರೂ ನಮ್ಮನಿ ಮರತಾರೇನು?"

ಹೆಣ್ಣುಮಗುವಿಗೆ ಇಷ್ಟೆಲ್ಲ ಯಾಕೆ ಎಂದು ಜನ ಮುನಿದರೋ? ಕಾನ್ವೆಂಟಿನವಳ ಒಣ ದೌಲತ್ತು ಎಂದು ನಕ್ಕರೋ? ನನ್ನ ಆಸೆಗೆ ಮಗುವನ್ನು ಬಾಗಿಲಲ್ಲಿ ಕೂರಿಸಿದೆನಲ್ಲ.

ಅಷ್ಟರಲ್ಲಿ ಕೋರ್ಟಿನಿಂದ ನನ್ನ ಗಂಡನೂ ಅವರ ಹಿಂದೆ ಕಾಗದದ ಗಂಟು ಹೊತ್ತು ಕಾರಕೂನರೂ ಬಂದರು. ಕಾರಕೂನರು ವಯಸ್ಸಾದವರು, ಕಿವಿಯ ಮೇಲೆ ಸದಾ ಒಂದು ಲೇಖಣಿ. ಸರಪಳಿ, ಮಾಲೆ, ಕುರ್ಚಿ ಎಲ್ಲ ನೋಡಿ ಅಲ್ಲೇ ನಿಂತುಬಿಟ್ಟರು.

"ಇದೇನ್ರಿ ಅಕ್ಕಾರ, ನಾಕ ದಿನ ಮೊದಲೇ ತಯಾರಿ ನಡಿಸೀರಿ?"

"ಇವತ್ತೇ ಅಲ್ಲೇನ್ರಿ? ಇವತ್ತು ಹನ್ನೆರಡು."

"ಇವತ್ತು ಎಂಟು ಬಹಮನ್ ಅಲ್ರೀ!"

ನಾನು ಓಡಿಹೋಗಿ ಕನ್ನಡಿಯ ಹಿಂದಿನ ಚಿಟ್ಟಿ ತಂದು ಅವರ ಮುಂದೆ ಹಿಡಿದೆ. ಅವರು ಬೆರಳಿಟ್ಟು ಓದಿದರು. ಬಹಮನ್ ತಿಂಗಳ ಹನ್ನೆರಡು. ನಿಜಾಮ ಸರಕಾರದ ಕಚೇರಿಗಳೆಲ್ಲ ನಡೆಯುತ್ತಿದ್ದುದು ಫಸಲಿ ಲೆಕ್ಕದ ಮೇಲೆ. ಆ ತಿಂಗಳುಗಳೇ ಬೇರೆ, ನನ್ನ ಇಂಗ್ಲಿಷ್ ತಾರೀಖಿಗಿಂತ ನಾಲ್ಕು ದಿನ ಹಿಂದೆ. ಮೂವತ್ತು ವರ್ಷ ಆ ಲೆಕ್ಕದಲ್ಲೇ ಬರೆದ ಕೈ, ಹನ್ನೆರಡು ಎಂದೊಡನೆ ತಿಂಗಳನ್ನು ತಾನೇ ಸೇರಿಸಿ ಬರೆದಿತ್ತು. ನಾನು ಓದಲಾರದೆ ಚೆಂದ ಎಂದು ಕಳಿಸಿದ್ದೆ.

"ನನ್ನ ತಪ್ಪು, ಮಾಫ್ ಮಾಡ್ರಿ ಅಕ್ಕಾರ," ಎಂದರು ಕಾರಕೂನರು. ನನ್ನ ಗಂಡ, "ನಂದೂ ಅದ. ತಿಂಗಳು ಹೇಳಲಿಲ್ಲ ನಾ," ಎಂದು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

ಅತ್ತೆಗೆ ನಗು ತಡೆಯಲಾಗಲಿಲ್ಲ. "ಇಬ್ಬರೂ ಸುಳ್ಳು. ನನ್ನ ಮೊಮ್ಮಗಳು ಹುಟ್ಟಿದ್ದು ಛಟ್ಟಿ ಅಮಾಸಿ ಮರುದಿನ. ಹೋದ ವಾರನೇ ತಲಿಗಿ ಎಣ್ಣಿ ಹಚ್ಚಿ ಆರತಿ ಮಾಡೇನಿ. ನಿಮಗ ಯಾರಿಗೂ ಖಬರಿಲ್ಲ."

ಮಗಳಿಗೆ ಬಹಮನ್ನೂ ತಿಳಿಯಲಿಲ್ಲ, ಅಮಾವಾಸ್ಯೆಯೂ ತಿಳಿಯಲಿಲ್ಲ. ತಂಬಿಗೆಯನ್ನು ಎದೆಗವಚಿಕೊಂಡು, "ಬೀಜ ಮುಗದಾವ," ಎಂದಳು.

ಅತ್ತೆ ನಗು ನಿಲ್ಲಿಸಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಅರವತ್ತು ದಾಟಿದ ಆ ಹೆಂಗಸು, ಮೊಣಕಾಲು ನೋವೆಂದು ಎರಡು ವರ್ಷದಿಂದ ಹತ್ತದಿದ್ದ ನಿಚ್ಚಣಿಕೆಯನ್ನು ಒಂದೊಂದೇ ಮೆಟ್ಟಿಲು ಹತ್ತಿ ಮಾಳಿಗೆ ಸೇರಿದರು. ನಮ್ಮ ಕಡೆ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಓಣಿಯ ಈ ತುದಿಯಿಂದ ಆ ತುದಿಗೆ ಕಾಲು ನೆಲಕ್ಕೆ ತಾಗಿಸದೆ ಹೋಗಬಹುದು. ಅಲ್ಲಿಂದ ಅವರು ಹಾಕಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

"ಬರ್ರಿಲೇ ಹುಡುಗೂರಾ! ಕೈಯಾಗಿಂದು ಕೈಯಾಗೇ ಬಿಟ್ಟು ಬರ್ರಿ! ವಕೀಲರ ಮನಿಯಾಗ ಉಂಡಿ ಹಂಚಾಕತ್ತಾರ!"

ಸ್ವಲ್ಪ ಹೊತ್ತಿಗೆ ಮಾಳಿಗೆ ಧಬಧಬ ಎಂದಿತು. ಬೆಳಕಿಂಡಿಯಿಂದ ಒಂದಿಷ್ಟು ಮಣ್ಣು ಕೇಕಿನ ಪಕ್ಕದಲ್ಲೇ ಉದುರಿತು. ನಿಚ್ಚಣಿಕೆಯಿಂದ ಮಕ್ಕಳು ಇಳಿಯತೊಡಗಿದರು, ಒಬ್ಬರ ತಲೆಯ ಮೇಲೆ ಒಬ್ಬರ ಕಾಲು. ತಲೆ ಅರ್ಧ ಹೆಣೆದಿದ್ದವಳು, ಕಂಕುಳಲ್ಲಿ ತಮ್ಮನನ್ನು ಹೊತ್ತವಳು, ಮೂಗಿಗೆ ಹಿಟ್ಟು ಮೆತ್ತಿದವನು, ಅಂಗಿಯೇ ಇಲ್ಲದವನು. ಹದಿನೇಳು ಮನೆಗೆ ಚಿಟ್ಟಿ ಕಳಿಸಿದ್ದೆ. ಬಂದ ಮಕ್ಕಳಲ್ಲಿ ಅರ್ಧದಷ್ಟು ಚಿಟ್ಟಿ ಹೋಗದ ಮನೆಯವು. ನನ್ನ ಮಗಳು ಕಟ್ಟೆ ಬಿಟ್ಟು ಓಡಿಬಂದು, ಪ್ರತಿಯೊಬ್ಬರ ಮುಂದೂ ನಿಂತು, ಬಾಗಿಲಲ್ಲಿ ಹೇಳಬೇಕೆಂದುಕೊಂಡಿದ್ದನ್ನು ನಿಚ್ಚಣಿಕೆಯ ಬುಡದಲ್ಲಿ ಹೇಳಿದಳು.

"ಬರ್ರಿ. ನನಗ ಐದ ಆದ್ವು."

ಆಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಮಾಲೆ ಅವಳ ಕಿವಿಯವರೆಗೆ ಬರುತ್ತಿತ್ತು. ನನ್ನ ಗಂಡ ಮೇಣಬತ್ತಿ ಹಚ್ಚಿದರು. ಮಕ್ಕಳೆಲ್ಲ ಸುತ್ತ ಕುಳಿತು ನೋಡಿದರು. ಬತ್ತಿಗಳು ಉರಿದವು. ಉರಿಯುತ್ತಲೇ ಇದ್ದವು. ಅಂಗಿಯಿಲ್ಲದ ಹುಡುಗ, "ಆಯಿ, ಇವು ಯಾವಾಗ ಮುಗೀತಾವ? ನಮ್ಮವ್ವ ಬೈತಾಳ," ಎಂದ. ಅತ್ತೆ ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಕೊನೆಗೆ ಅವರೇ ಎದ್ದು, ಉರಿಯುವ ಬತ್ತಿಗಳನ್ನು ಒಂದೊಂದಾಗಿ ಕಿತ್ತು ಹಿತ್ತಾಳೆ ತಟ್ಟೆಯಲ್ಲಿ ನಿಲ್ಲಿಸಿ, ಕೇಕಿಗೂ ಮಗಳಿಗೂ ಒಟ್ಟಿಗೆ ಆರತಿ ಬೆಳಗಿ, ದೇವರ ಕೋಣೆಗೆ ಒಯ್ದಿಟ್ಟರು. ಐದೂ ಅಲ್ಲೇ ತಮ್ಮಷ್ಟಕ್ಕೆ ಉರಿದು ಮುಗಿದವು. ಅಲ್ಲಿಂದಾಚೆ ನಮ್ಮ ಮನೆಯ ಎಲ್ಲ ಮಕ್ಕಳ ಹುಟ್ಟುಹಬ್ಬವೂ ಹಾಗೆಯೇ ನಡೆಯಿತು.

ಹಾಡು ನಿಂತೊಡನೆ ಓಡಿ ಕೂರುವ ಕಾನ್ವೆಂಟಿನ ಕುರ್ಚಿ ಆಟಕ್ಕೆ ಕುರ್ಚಿಗಳಿರಲಿಲ್ಲ. ಊಟದ ಮಣೆಗಳನ್ನು ಸುತ್ತಲೂ ಇಟ್ಟೆವು. ಹಾಡಿಗೆ ಪಿಯಾನೋ ಇರಲಿಲ್ಲ. ಅತ್ತೆ ಸೌಟಿನಿಂದ ತಾಟು ಬಾರಿಸಿದರು, ಮೊಮ್ಮಗಳು ಮಣೆಯ ಹತ್ತಿರ ಬಂದಾಗಲೇ ನಿಲ್ಲಿಸಿದರು. "ಆಯಿ ಮೋಸ! ಆಯಿ ಮೋಸ!" ಎಂದು ಮಕ್ಕಳು ಕೂಗಿದರು. ತಪ್ಪಿನ ದಂಡವೆಂದು ಕಾರಕೂನರನ್ನೂ ಆಟಕ್ಕೆ ಎಳೆದರು. ಅವರು ಮಣೆ ಸಿಗದೆ ನೆಲದ ಮೇಲೆ ಕುಳಿತರು. ಕಿವಿಯ ಲೇಖಣಿ ಮಾತ್ರ ಕದಲಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಸಾಹುಕಾರ್ತಿ ತನ್ನ ಹುಡುಗಿಯರನ್ನು ಕರೆದೊಯ್ಯಲು ಬಂದಳು. ಮಧ್ಯಾಹ್ನವೆಲ್ಲ ತುಪ್ಪದ ವಾಸನೆ ಬಂದರೂ, ದೊಡ್ಡ ಕೆಲಸ, ನಾಲ್ಕು ದಿನ ಮೊದಲೇ ಶುರು ಮಾಡಿರಬೇಕು ಎಂದುಕೊಂಡಿದ್ದಳಂತೆ. ನಾನು ನಡೆದದ್ದೆಲ್ಲ ಹೇಳಿದೆ. ಕಂಬಕ್ಕೊರಗಿ ಕೇಕು ತಿನ್ನುತ್ತ ಕೇಳಿದಳು, ಬೆರಳು ನೆಕ್ಕಿದಳು, ಮಕ್ಕಳನ್ನು ಮುಂದಕ್ಕೆ ನೂಕಿ ಹೊಸ್ತಿಲು ದಾಟುತ್ತ ಹೇಳಿದಳು:

"ಇವತ್ತು ಹಂಗೇ ಕೆದರಿದ ತಲಿಲೆ ಬಂದುಬಿಟ್ಟಾವ ನೋಡು ತಂಗಿ. ಇರಲಿ, ಚಿಟ್ಟಿಯಾಗ ಬರದ ಹನ್ನೆರಡಕ್ಕ ಚೆಂದಂಗ ತಲಿ ಹಿಕ್ಕಿ, ಹೊಸಾ ಲಂಗಾ ಉಡಿಸಿ ಕಳಸ್ತೇನಿ."