ಕಂಡಕ್ಟರು ಚಾಚಿದ ಎಡಗೈ

ಅವರ ಎಡಗೈ ಬೆರಳುಗಳು ಪೂರ್ತಿ ಕೂಡುತ್ತಿರಲಿಲ್ಲ. ನೋಟುಗಳನ್ನು ಉದ್ದುದ್ದ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಜೀವಮಾನವಿಡೀ ಬಸ್ಸಿನಲ್ಲಿ ಟಿಕೆಟ್ ಹರಿದ ಕೈ ಅದು. ನಿವೃತ್ತಿಯಾದ ಮೇಲೂ ಬೆರಳುಗಳು ಹಾಗೇ ಅಗಲಿಸಿಕೊಂಡಿದ್ದವು, ಯಾರೋ ಇನ್ನೂ ಚಿಲ್ಲರೆ ಕೇಳುತ್ತಿರುವಂತೆ. ಆ ಕೈಯನ್ನು ಅವರು ಎಲ್ಲರಿಗೂ ಚಾಚುತ್ತಿದ್ದರು. ಬಲಗೈ ಅಲ್ಲ, ಎಡಗೈ. ನನಗೆ ಮೊದಲ ಸಲ ಚಾಚಿದಾಗ, ಈ ಮನುಷ್ಯನಿಗೆ ತಲೆ ಸರಿಯಿಲ್ಲ ಅಂದುಕೊಂಡೆ. ಕೈಮುಗಿದು ತಪ್ಪಿಸಿಕೊಂಡೆ.

ಭಾಗಮಂಡಲದ ರಸ್ತೆಯಲ್ಲಿರುವ ನಮ್ಮ ಪೇಟೆಗೆ ಅವರು ಹೊಸಬರಲ್ಲ. ಮಡಿಕೇರಿಯಿಂದ ಬರುವ ಬಸ್ಸಿನ ಬಾಗಿಲಲ್ಲಿ ಅವರನ್ನು ನೋಡುತ್ತಲೇ ನಮಗೆ ತಲೆ ನರೆತಿತ್ತು. ಮೂಲ ಹಾಸನದ ಕಡೆಯವರು. ಅಪ್ಪನ ಕಾಲದಲ್ಲಿ ಕುಶಾಲನಗರದ ಹತ್ತಿರ ಬಂದು ನೆಲೆಸಿದ ಬೇಸಾಯದ ಮನೆ. ನಿವೃತ್ತರಾದ ಮೇಲೆ ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳ ಮನೆಗೆ ಬಂದರು. ಬಂದ ಹೊಸದರಲ್ಲೇ ನನ್ನ ಬಳಿ ಸ್ಕೌಟ್ ಶೆಡ್ಡಿನ ಕೀಲಿ ಕೇಳಿದರು.

ಕೀಲಿ ನನ್ನ ಹತ್ತಿರ ಇತ್ತು, ಏಕೆಂದರೆ ನಾನು ಊರಿನ ಸ್ಕೌಟ್ ಸಮಿತಿಯ ಅಧ್ಯಕ್ಷ. ಈ ಸಮಿತಿ ಎಂಥದ್ದೆಂದು ಹೇಳಿಬಿಡುತ್ತೇನೆ, ಹೇಳುವಾಗ ಬಾಯಿ ಕಹಿಯಾದರೂ. ಸ್ಕೌಟ್ ದಳ ಸತ್ತು ಎಷ್ಟೋ ವರ್ಷವಾಗಿತ್ತು, ಸಮಿತಿ ಮಾತ್ರ ಗುಂಡುಕಲ್ಲಿನ ಹಾಗೆ ಬದುಕಿತ್ತು. ಒಂದು ಮಗುವೂ ಇಲ್ಲದ ಸ್ಕೌಟಿಗೆ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ. ವರ್ಷಕ್ಕೊಮ್ಮೆ ಸೇರುವುದು, ಈಗಿನ ಮಕ್ಕಳಿಗೆ ಶಿಸ್ತಿಲ್ಲ ಎನ್ನುವುದು, ಬೋಂಡ ತಿಂದು ಏಳುವುದು. ಭಾನುವಾರ ಶೆಡ್ಡಿನೊಳಗೆ ಇಸ್ಪೀಟು. ಉಳಿದ ದಿನ ಉಪಾಧ್ಯಕ್ಷನ ಶಾಮಿಯಾನ ಅಂಗಡಿಯ ಕುರ್ಚಿಗಳು ಅಲ್ಲಿ ಬಿದ್ದಿರುತ್ತಿದ್ದವು. ಗೋಡೆಗೆ ಒರಗಿಸಿದ್ದ ಸ್ಕೌಟ್ ಲಾಠಿಗಳಲ್ಲಿ ಒಂದನ್ನು ಖಜಾಂಚಿ ಮನೆಗೊಯ್ದು ಹಸು ಅಟ್ಟಲು ಇಟ್ಟುಕೊಂಡಿದ್ದ. ಇಂಥವರಿಗೆಲ್ಲ ನಾಯಕ ನಾನು.

ನಾನು ಎಸ್ಟೇಟ್ ರೈಟರ್ ಆಗಿದ್ದವನು. ಆಳುಗಳ ಹಾಜರಿ ಬರೆಯುವುದು, ಯಾರನ್ನು ಕಾಫಿ ತೋಟದ ಯಾವ ಬ್ಲಾಕಿಗೆ ಕಳಿಸಬೇಕೆಂದು ಹೇಳುವುದು ನನ್ನ ಕೆಲಸ. ಹೈಸ್ಕೂಲು ಪಾಸಾಗಿದ್ದೆ. ಆ ಒಂದು ಪಾಸನ್ನು ನಾನು ಎಷ್ಟು ವರ್ಷ ಎದೆಯ ಮೇಲೆ ಹೊತ್ತು ತಿರುಗಿದೆನೆಂದು ನೆನೆದರೆ ಈಗ ನಗು ಬರುತ್ತದೆ, ಒಳ್ಳೆಯ ನಗುವಲ್ಲ.

"ಕೀಲಿ ತಗೊಂಡು ಏನ್ ಮಾಡ್ತೀರಿ?" ಎಂದೆ.

"ಮಕ್ಕಳನ್ನ ಸೇರಿಸ್ತೀನಿ ಸಾರ್. ಹೈಸ್ಕೂಲಲ್ಲಿ ನಾನೂ ಸ್ಕೌಟು. ಗಂಟು ಹಾಕೋದು ಇನ್ನೂ ಮರ್ತಿಲ್ಲ."

"ಬಸ್ಸಿಗೆ ಜನ ತುಂಬ್ದಂಗಲ್ಲ ಕಂಡಕ್ಟ್ರೇ ಇದು."

"ಅದೇ ಕೆಲ್ಸ ಸಾರ್. ಬಾಗ್ಲಲ್ಲಿ ನಿಂತು ಕರೀಬೇಕು, ಅಷ್ಟೆ."

ಇಸ್ಪೀಟಿನಿಂದ ತಲೆಯೆತ್ತದೆ ಉಪಾಧ್ಯಕ್ಷ ನಮ್ಮ ಅರೆಭಾಷೆಯಲ್ಲಿ ನಕ್ಕ: "ಕೊಡಿ ಮಾರಾಯ್ರೇ. ಎರಡ್ ವಾರಲಿ ಸಾಕಾದೆ ಅವಂಗೆ."

ಎರಡು ವಾರದಲ್ಲಿ ಅವರಿಗೆ ಸಾಕಾಗಲಿಲ್ಲ, ನಮ್ಮ ಇಸ್ಪೀಟು ಹೋಯಿತು. ಸರ್ಕಾರಿ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು, "ಬನ್ನಿ ಬನ್ನಿ, ಒಳಗೆ ಜಾಗ ಐತೆ" ಎಂದು ಕೂಗಿದರು. ಮಕ್ಕಳು ನಗುತ್ತಲೇ ಹಿಂದೆ ಹೋದರು. ಮಾತೆತ್ತಿದರೆ ಅವರಿಗೆ ಬಸ್ಸು. ಒಂದು ವಿಸಲ್ ಹಾಕಿದರೆ ನಿಲ್ಲಬೇಕು, ಎರಡು ಹಾಕಿದರೆ ಹೊರಡಬೇಕು. ತಡವಾಗಿ ಬಂದವನಿಗೆ "ಬಸ್ ತಪ್ಪಿಸ್ಕೊಂಡ್ಯಲ್ಲೋ ಪುಣ್ಯಾತ್ಮ" ಎನ್ನುವರು. ಹುಡುಗಿಯರಿಗೆ (ಗೈಡ್ಸ್ ಎನ್ನಬೇಕು, ನಮ್ಮೂರಲ್ಲಿ ಅವರೂ ಸ್ಕೌಟೇ) ಹೆಂಗಸರೇ ಲೀಡರ್ ಇರಬೇಕೆಂಬ ನಿಯಮವಿತ್ತು. ಡ್ಯೂಟಿ ಮುಗಿಸಿ ಬಂದು ಮಲಗಿದ್ದ ಮಗಳನ್ನು ಎಬ್ಬಿಸಿ ಕರೆತಂದರು. ಪಾಪ, ಆಕೆ ಆಕಳಿಸುತ್ತಲೇ ಸ್ಕಾರ್ಫುಗಳನ್ನು ಹೊಲಿದಳು. ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಕೊಂಡಿದ್ದ ಚರಂಡಿಯನ್ನು ಮಕ್ಕಳು ಬಿಡಿಸುವಾಗ ನಮ್ಮ ಕಾರ್ಯದರ್ಶಿ ಎದುರಿನ ಹೋಟೆಲಿನಲ್ಲಿ ಕೂತು, ಸಮಿತಿಯ ಕೆಲಸ ಹೇಗೆ ನಡೆಯುತ್ತಿದೆ ನೋಡಿ ಎಂದು ಹೇಳುತ್ತಿದ್ದ.

ಆಮೇಲೆ ಲೈನಿನ ಮಕ್ಕಳು ಬಂದರು. ಎಸ್ಟೇಟ್ ಆಳುಗಳ ಸಾಲುಮನೆಗಳಿಗೆ ಇಲ್ಲಿ ಲೈನ್ ಎನ್ನುತ್ತಾರೆ. ತಮಿಳರು, ಮಲಯಾಳಿಗಳು, ಈಚೆಗೆ ಅಸ್ಸಾಮಿನಿಂದ ಬಂದವರು. ಆ ಮಕ್ಕಳು ಶೆಡ್ಡಿನ ಬೇಲಿಯ ಹೊರಗೆ ನಿಂತು ನೋಡುತ್ತಿದ್ದವು. ಕಂಡಕ್ಟರು ಎಂದಿನ ಮಾತನ್ನೇ ಹೇಳಿದರು: "ಹೊರಗ್ಯಾಕ್ರೋ ನೇತಾಡ್ತೀರಾ? ಒಳಗೆ ಜಾಗ ಐತೆ." ಬಂದ ಪ್ರತಿ ಮಗುವಿಗೂ ಆ ಅಗಲಿಸಿದ ಎಡಗೈ ಕೊಟ್ಟರು. ಸ್ಕೌಟುಗಳು ಎಲ್ಲ ಕಡೆಯೂ ಹಾಗೆಯೇ ಕೈಕುಲುಕುತ್ತಾರಂತೆ. ಅದನ್ನು ಅವರು ಮಕ್ಕಳಿಗೆ ವಿವರಿಸಿದ್ದನ್ನು ನಾನೂ ಕೇಳಿದ್ದೇನೆ: "ಹಿಂದಿನ ಕಾಲದಲ್ಲಿ ಎಡಗೈಲಿ ಗುರಾಣಿ ಹಿಡೀತಿದ್ರು. ಅದನ್ನ ಕೆಳಗಿಟ್ಟು ಆ ಕೈ ಕೊಟ್ರೆ, ನೀನು ಹೊಡಿಯಲ್ಲ ಅಂತ ನಂಗೆ ನಂಬ್ಕೆ ಐತೆ ಅಂತ. ತಿಳೀತಾ?"

ಕೇಳಿ ನಾನು ಉಪಾಧ್ಯಕ್ಷನ ಕಡೆ ನೋಡಿ ಕಣ್ಣು ಮಿಟುಕಿಸಿದೆ. ಎಡಗೈ ಏನಕ್ಕೆ ಉಪಯೋಗವೆಂದು ನಮಗೆ ಗೊತ್ತಿಲ್ಲವೇ ಎಂದು ಅವನು ಜೋರಾಗಿಯೇ ಹೇಳಿದ. ನಾವು ನಕ್ಕೆವು. ನಮ್ಮ ಹಾಸ್ಯದ ಮಟ್ಟ ಅದು.

ಲೈನಿನ ಹುಡುಗಿಯೊಬ್ಬಳನ್ನು ಕಂಡಕ್ಟರು ಪ್ಯಾಟ್ರೋಲ್ ಲೀಡರ್, ಅಂದರೆ ತಂಡದ ನಾಯಕಿ, ಮಾಡಿದರು. ತಾಯಿ ನನ್ನ ಎಸ್ಟೇಟಿನಲ್ಲೇ ಆಳು. ಹುಡುಗಿ ಸಣಕಲು, ಮಾತು ಕಡಿಮೆ, ಆದರೆ ಅವಳು ಒಮ್ಮೆ ತಿರುಗಿ ನೋಡಿದರೆ ಪೇಟೆಯ ಡಾಕ್ಟರ ಮಗನೂ ಸಾಲಿಗೆ ಬಂದು ನಿಲ್ಲುತ್ತಿದ್ದ. ನನಗೆ ಅದನ್ನೇ ಸಹಿಸಲಾಗಲಿಲ್ಲ. ಬೆಳಿಗ್ಗೆ ನನ್ನ ಮುಂದೆ ತಲೆ ತಗ್ಗಿಸಿ ನಿಲ್ಲುವವಳ ಮಗಳು ಸಂಜೆ ನನ್ನ ಕಣ್ಣೆದುರೇ ಊರವರ ಮಕ್ಕಳನ್ನು ನಿಲ್ಲಿಸುವುದೇ?

ಆಗಸ್ಟ್ ಹದಿನೈದಕ್ಕೆ ಮೈದಾನದಲ್ಲಿ ಧ್ವಜಾರೋಹಣ. ಮುಖ್ಯ ಅತಿಥಿ ನಮ್ಮ ಎಸ್ಟೇಟಿನ ಧಣಿಗಳು, ಕರೆದವನು ನಾನು. ಜಿಟಿಜಿಟಿ ಮಳೆ. ಅವರಿಗೆ ಕೊಡೆ ಹಿಡಿಯಲು ಡ್ರೈವರ್ ಇದ್ದರೂ ಅವನ ಕೈಯಿಂದ ಕಸಿದುಕೊಂಡು ನಾನೇ ಹಿಡಿದಿದ್ದೆ. ಬಾವುಟ ಹಾರಿತು. ಧಣಿಗಳು ಸ್ಕೌಟುಗಳ ಸಾಲಿನ ಹತ್ತಿರ ಬಂದರು. ಮೊದಲಿಗೆ ನಿಂತಿದ್ದ ಆ ಹುಡುಗಿ ಸೆಲ್ಯೂಟ್ ಹೊಡೆದು, ಕಲಿತಂತೆ, ಎಡಗೈ ಚಾಚಿದಳು.

ಧಣಿಗಳು ಹಿಂದೆ ಸರಿದರು. "ಏನಿದು ರೈಟರ್?" ಎಂದರು.

ಅಷ್ಟೇ ಸಾಕಾಯಿತು ನನಗೆ. ಕೊಡೆ ಬಿಟ್ಟು ಮುಂದೆ ಹಾರಿ ಆ ಕೈಯ ಮೇಲೆ ಹೊಡೆದೆ. "ಬಲಗೈ ಕೊಡು! ಯಾರ ಮುಂದೆ ನಿಂತಿದ್ದೀಯ ಗೊತ್ತುಂಟಾ?" ಮೈಕು ಪಕ್ಕದಲ್ಲೇ ಇತ್ತು. ಹೊಡೆದ ಸದ್ದು ಇಡೀ ಮೈದಾನಕ್ಕೆ ಕೇಳಿತು. ಧಣಿಗಳು ಕರ್ಚೀಫು ತೆಗೆದು ತಮ್ಮ ಕೈ ಒರೆಸಿಕೊಂಡರು. ಆ ಕೈಯನ್ನು ಯಾರೂ ಮುಟ್ಟಿರಲಿಲ್ಲ.

ಹುಡುಗಿ ಅಳಲಿಲ್ಲ. ಕೈಯನ್ನು ಕೆಳಗಿಳಿಸಲೂ ಇಲ್ಲ. ತಿರುಗಿ ಕಂಡಕ್ಟರ ಮುಖ ನೋಡಿದಳು. ಅವರು ಬಂದು ತಮ್ಮ ಎಡಗೈಯಿಂದ ಆ ಕೈಯನ್ನು ಹಿಡಿದು ಕುಲುಕಿ, ವಿಸಲ್ ಬಾಯಿಗಿಟ್ಟು ಎರಡು ಸಲ ಊದಿದರು. ಮಕ್ಕಳೆಲ್ಲ ಸಾಲಾಗಿ ಮೈದಾನದಿಂದ ನಡೆದುಹೋದರು. ಧಣಿಗಳ ಭಾಷಣ ಕೇಳಲು ಸಮಿತಿ ಉಳಿಯಿತು. ಶಿಸ್ತಿನ ಬಗ್ಗೆ ಭಾಷಣ.

ಸಂಜೆ ಸಮಿತಿ ಸೇರಿ ತೀರ್ಮಾನ ಮಾಡಿತು: ಲೈನಿನ ಮಕ್ಕಳನ್ನು ಬಿಡುವುದಾದರೆ ಕಂಡಕ್ಟರು ಮುಂದುವರಿಯಬಹುದು. ನಾನೇ ಹೇಳಿದೆ. ಅವರು ಕೂರಲಿಲ್ಲ. ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟರು.

"ತಗೊಳ್ಳಿ ಸಾರ್. ಶೆಡ್ಡು ನಿಮ್ದು. ಮಕ್ಳು ನಿಮ್ದಲ್ಲ."

ಅಲ್ಲಿಗೂ ನಾನು ಬಿಡಲಿಲ್ಲ. ಬರೆಯಲು ಕಷ್ಟವಾಗುವುದು ಇಲ್ಲಿಂದ. ಮರುದಿನ ಬೆಳಗಿನ ಮಸ್ಟರಿನಲ್ಲಿ, ಆಳುಗಳೆಲ್ಲ ಹಾಜರಿಗೆ ನಿಂತಾಗ, ಯಾರ ಮಕ್ಕಳು ಭಾನುವಾರ ಪೇಟೆಗೆ ಹೋಗಿ ಕುಣಿಯುತ್ತಾರೋ ಅವರ ತಾಯಂದಿರಿಗೆ ಕೆಳಗಿನ ಬ್ಲಾಕಿನಲ್ಲಿ ಕಳೆ ಕೀಳುವ ಕೆಲಸ ಎಂದೆ. ಮಳೆಗಾಲದಲ್ಲಿ ಆ ಬ್ಲಾಕು ಜಿಗಣೆಗಳ ಮನೆ. ಆ ಹುಡುಗಿಯ ತಾಯಿಯನ್ನು ಅವತ್ತೇ ಕಳಿಸಿದೆ, ಉದಾಹರಣೆಗಿರಲಿ ಎಂದು. ಸಂಜೆ ಅವಳು ನನ್ನ ಆಫೀಸಿನ ಮುಂದಿನ ನಲ್ಲಿಯಲ್ಲಿ ಕಾಲಿನ ರಕ್ತ ತೊಳೆಯುತ್ತಿದ್ದಳು. ನಾನು ಕಿಟಕಿ ಹಾಕಿಕೊಂಡೆ. ಧಣಿಗಳು ಇದನ್ನೆಲ್ಲ ಮಾಡೆಂದು ಹೇಳಿರಲಿಲ್ಲ. ಅವರು ಆ ಸಂಗತಿಯನ್ನು ಕಾರು ಹತ್ತುವ ಮೊದಲೇ ಮರೆತಿದ್ದರು. ಯಾರೂ ಕೇಳದೆ, ಯಾರಿಂದಲೂ ಏನೂ ಸಿಗದೆ, ಬರಿಯ ಬಾಲ ಅಲ್ಲಾಡಿಸುವ ಅಭ್ಯಾಸಕ್ಕೆ ಮಾಡಿದೆ.

ಆ ಭಾನುವಾರ ಲೈನಿನ ಮಕ್ಕಳು ಪೇಟೆಗೆ ಬರಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಎಸ್ಟೇಟಿನ ನನ್ನ ಕ್ವಾರ್ಟರ್ಸಿನಲ್ಲಿ ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ ದೂರದಿಂದ ವಿಸಲ್ ಕೇಳಿಸಿತು. ಲೈನಿನ ಮುಂದೆ ಹಾದುಹೋಗುವ ಪಂಚಾಯತಿ ರಸ್ತೆಯಲ್ಲಿ ಕಂಡಕ್ಟರು ಪೇಟೆಯ ಮಕ್ಕಳನ್ನೆಲ್ಲ ಕರೆದುಕೊಂಡು ಬಂದು ನಿಂತಿದ್ದರು. ಪ್ಯಾಸೆಂಜರ್ ಸ್ಟಾಪಿಗೆ ಬರಲಾಗದಿದ್ದರೆ ಬಸ್ಸೇ ಅಲ್ಲಿಗೆ ಹೋಗಬೇಕು ಎಂದರಂತೆ. ರಸ್ತೆ ಎಸ್ಟೇಟಿನದಲ್ಲ, ನಾನು ತಡೆಯುವಂತಿರಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಅಲ್ಲೇ. ಬೇಲಿಯ ಗೂಟಕ್ಕೆ ಹಗ್ಗ ಬಿಗಿದು ಗಂಟು ಕಲಿತರು, ಮೂರು ಕಲ್ಲು ಹೂಡಿ ಗಂಜಿ ಬೇಯಿಸಿದರು. ನಮ್ಮ ಸಮಿತಿಯ ಬಳಿ ಶೆಡ್ಡಿತ್ತು, ಬೋರ್ಡಿತ್ತು, ಕೀಲಿಯಿತ್ತು. ಇಸ್ಪೀಟು ಮತ್ತೆ ಶುರುವಾಯಿತು.

ನಮ್ಮ ಮೊಮ್ಮಗಳಿಗೂ ಸ್ಕೌಟ್ ಹುಚ್ಚು ಹಿಡಿಯಿತು. ನಾನು ಗದರಿದೆ. ಹೆಂಡತಿ ಒಲೆಯ ಮುಂದಿನಿಂದಲೇ ಅರೆಭಾಷೆಯಲ್ಲಿ ಕೇಳಿದಳು: "ನಿಮ್ಗೆ ನಾಚಿಕೆ ಉಟ್ಟಾ? ಕೂಸು ಆಡಿರೆ ನಿಮ್ಗೆ ಎಂತ ನಷ್ಟ?" ನಾನು ಪೇಟೆಗೆ ಹೋದ ಹೊತ್ತು ನೋಡಿ ಮಗುವನ್ನು ಅವಳೇ ಅಲ್ಲಿಗೆ ಬಿಟ್ಟುಬಂದಳು. ತಿಳಿದ ಕೂಡಲೇ ಹೋದೆ, ಎಳೆದುಕೊಂಡು ಬರಲೆಂದೇ ಹೋದೆ. ಮೊಮ್ಮಗಳು ಆ ಲೈನಿನ ಹುಡುಗಿಯ ಪಕ್ಕದಲ್ಲಿ ಕೂತು ಹಗ್ಗದ ಜೊತೆ ಒದ್ದಾಡುತ್ತಿದ್ದಳು. ಹುಡುಗಿ ಅವಳ ಬೆರಳು ಹಿಡಿದು ತಿದ್ದುತ್ತಿದ್ದಳು. ನಾನು ಹೊಡೆದ ಕೈ.

ಕಂಡಕ್ಟರು ಎದ್ದು ಬಂದರು. ಸಿಟ್ಟಿಲ್ಲ, ಅಣಕವಿಲ್ಲ. ಎಡಗೈ ಚಾಚಿದರು.

"ಬನ್ನಿ ರೈಟರ್ ಸಾರ್. ಒಳಗೆ ಜಾಗ ಐತೆ."

ಎಲ್ಲ ಮಕ್ಕಳೂ ನೋಡುತ್ತಿದ್ದರು. ಲೈನಿನ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು, ಆ ತಾಯಿಯೂ ಇದ್ದಳು. ಆ ಕೈ ಹಿಡಿದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು, ಆಮೇಲೆ ಹೊಳೆದದ್ದಲ್ಲ. ನಾನು ಮೊಮ್ಮಗಳ ರಟ್ಟೆ ಹಿಡಿದು ತಿರುಗಿ ನಡೆದೆ. ಹಿಂದಿನಿಂದ ಕಂಡಕ್ಟರು, "ಹಗ್ಗ ಅವಳತ್ರನೇ ಇರ್ಲಿ ಸಾರ್" ಎಂದರು.

ಆ ಹಗ್ಗವನ್ನು ಮೊಮ್ಮಗಳು ಕಿಟಕಿಯ ಸರಳಿಗೆ ಕಟ್ಟಿ ಬಿಚ್ಚಿ ಮಾಡುತ್ತಿದ್ದಳು, ನನ್ನ ಜೊತೆ ಮಾತು ಬಿಟ್ಟು. ಮುಂದಿನ ಭಾನುವಾರ ಅಜ್ಜಿಯೇ ಮತ್ತೆ ಬಿಟ್ಟುಬಂದಳು. ನಾನು ಅಡ್ಡ ಹೋಗಲಿಲ್ಲ. ಅದನ್ನು ಒಳ್ಳೆಯತನವೆಂದು ಯಾರೂ ಎಣಿಸಬೇಡಿ, ಮನೆಯಲ್ಲಿ ಊಟ ಸಿಗದೆಂಬ ಭಯ. ಮಸ್ಟರಿನ ಬೆದರಿಕೆಯೂ ಹೀಗೆಯೇ ಸದ್ದಿಲ್ಲದೆ ಸತ್ತಿತು. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಶುರುವಾದಾಗ ನನಗೆ ಅದೇ ಹೆಂಗಸರ ಕೈಗಳು ಬೇಕಾದವು.

ಮುಂದೆ ಎಷ್ಟೋ ವರ್ಷ ಕಂಡಕ್ಟರು ಅಂಗಡಿ ಬೀದಿಯಲ್ಲಿ ಸಿಗುತ್ತಿದ್ದರು. "ಆರಾಮಾ ಸಾರ್?" ಎನ್ನುತ್ತಿದ್ದರು. ಕೈ ಮಾತ್ರ ಇನ್ನೊಮ್ಮೆ ಚಾಚಲಿಲ್ಲ. ಕ್ಷಮೆ ಕೇಳಬೇಕೆಂದು ನಾನು ಎಷ್ಟೋ ಸಲ ಬಾಯಿ ತೆರೆದು ಮಳೆಯ ವಿಷಯ ಮಾತಾಡಿ ಬಂದಿದ್ದೇನೆ. ಕೊಡಗಿನಲ್ಲಿ ಹೇಡಿಗಳಿಗೆ ಮಳೆ ದೊಡ್ಡ ಅನುಕೂಲ.

ಕಳೆದ ಮಳೆಗಾಲದಲ್ಲಿ ಅವರು ತೀರಿಹೋದರು, ಮಗಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ. ಮಗಳು ನನಗೆ ಫೋನ್ ಮಾಡಿದಳು: "ಅಂಕಲ್, ಅಪ್ಪನ ನೆನಪಿಗೆ ಮಕ್ಕಳೆಲ್ಲ ಸೇರಬೇಕಂತೆ. ಹೊರಗೆ ಮಳೆ. ಶೆಡ್ಡಿನ ಕೀಲಿ ಬೇಕಿತ್ತು." ಸಮಿತಿಯ ಅರ್ಧ ಜನ ತೀರಿಕೊಂಡಿದ್ದರೂ ಅಧ್ಯಕ್ಷ ಇನ್ನೂ ನಾನೇ. ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ನಾನೇ ತೆಗೆದುಕೊಂಡು ಹೋದೆ. ಬೀಗ ತೆಗೆದು, ಉಪಾಧ್ಯಕ್ಷನ ಕುರ್ಚಿಗಳ ಧೂಳು ಒರೆಸಿ ಸಾಲಾಗಿಟ್ಟೆ. ಆ ಶೆಡ್ಡಿಗೆ ಅಧ್ಯಕ್ಷನಾಗಿ ನಾನು ಮಾಡಿದ ಮೊದಲ ಕೆಲಸ ಅದು.

ಲೈನಿನ ಆ ಹುಡುಗಿ ಬಂದಳು. ಈಗ ದಳ ನಡೆಸುವವಳು ಅವಳೇ. ವಾರವೆಲ್ಲ ಮಡಿಕೇರಿಯ ಮೆಡಿಕಲ್ ಅಂಗಡಿಯಲ್ಲಿ ಕೆಲಸ, ಭಾನುವಾರ ಸ್ಕೌಟು. ಕತ್ತಿನಲ್ಲಿ ಕಂಡಕ್ಟರ ವಿಸಲ್ ಇತ್ತು. ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಎಡಗೈ ಕೊಟ್ಟು ಒಳಗೆ ಕಳಿಸುತ್ತಿದ್ದಳು. ಪುಟಾಣಿಗಳಿಗೆ, ದೊಡ್ಡವರಾಗಿ ಮೀಸೆ ಬಂದ ಹಳೆಯ ಸ್ಕೌಟುಗಳಿಗೆ, ನನ್ನ ಮೊಮ್ಮಗಳಿಗೆ. ನಾನು ಕೊನೆಯವನಾಗಿ ಹೋದೆ. ಬಲಗೈಯಲ್ಲಿ ಕೀಲಿ ಕೊಟ್ಟು, "ಇದು ಇನ್ನು ನಿನ್ನ ಹತ್ರನೇ ಇರ್ಲಿ" ಎಂದೆ. ಆಮೇಲೆ ಎಡಗೈ ಚಾಚಿದೆ.

ಅವಳು ಕೀಲಿಯನ್ನು ಜೇಬಿಗೆ ಹಾಕಿಕೊಂಡಳು. ನನ್ನ ಕೈಯನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು, ಊರಿನ ಯಾವ ಹಿರಿಯರಿಗಾದರೂ ಮಾಡುವ ಹಾಗೆ.

"ಬನ್ನಿ ಸಾರ್," ಎಂದಳು. "ಒಳಗೆ ಜಾಗ ಇದೆ."

ಹೋದೆ. ಹಿಂದಿನ ಸಾಲಿನಲ್ಲಿ ಕುರ್ಚಿ ಖಾಲಿ ಇತ್ತು. ಚಾಚಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ತೊಡೆಯ ಕೆಳಗಿಟ್ಟುಕೊಂಡು ಕೂತೆ.