ಕನ್ನಡಕ್ಕೆ ತರದೆ ನುಂಗಿದ ಮಾತು

2023ರ ಮಾರ್ಚ್ ತಿಂಗಳು. ವಿಧಾನಸಭೆ ಚುನಾವಣೆ ಇನ್ನೂ ಘೋಷಣೆಯಾಗಿರಲಿಲ್ಲ, ಆದರೂ ಸಿಂಧನೂರಿನ ಚಹಾದಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ನಾನು ಅಲ್ಲಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಆಗ ನಮ್ಮ ಜಾತಿಯ ಸಂಘಕ್ಕೆ ಕಾರ್ಯದರ್ಶಿಯೂ ಆಗಿದ್ದೆ. ಯಾವ ಜಾತಿ ಎಂದು ಬರೆಯುವುದಿಲ್ಲ. ಬರೆದರೆ ಮುಂದಿನದನ್ನು ನೀವು ಓದುವ ರೀತಿಯೇ ಬದಲಾಗಿಬಿಡುತ್ತದೆ.

ಸಂಘ ಶುರುವಾದದ್ದು ಒಳ್ಳೆಯ ಕೆಲಸಕ್ಕೇ. ಹಳ್ಳಿಯಿಂದ ಓದಲು ಬಂದ ಹುಡುಗರಿಗೆ ಇರಲು ಜಾಗ, ಬಡವರ ಮದುವೆಗೆ ಪಾತ್ರೆ ಸಾಮಾನು, ಯಾರಾದರೂ ಸತ್ತರೆ ಮಣ್ಣಿಗೆ ನಾಲ್ಕು ಜನ ಸೇರಿಸುವುದು. ಲಿಂಗಸೂಗೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಅಧ್ಯಕ್ಷರು ಆ ಸಲ ಬೇರೊಂದು ಕೆಲಸ ಹಚ್ಚಿದರು. "ಸರ, ಮತದಾರರ ಪಟ್ಟಿ ತಗೊಂಡು ಪ್ರತಿ ಮನಿ ಮುಂದ ಯಾರ ಪೈಕಿ ಅಂತ ಗುರುತು ಹಾಕ್ಸಿ ಕೊಡ್ರಿ. ನಮ್ಮವರು ಎಷ್ಟು ಅದಾರ, ಉಳಿದವರು ಎಷ್ಟು ಅದಾರ ಗೊತ್ತಾದ್ರ ಟಿಕೆಟ್ ಕೇಳಾಕ ನಮಗೂ ಬಾಯಿ ಬರತೈತಿ" ಎಂದರು.

ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ನನ್ನ ತರಗತಿಯ ಹತ್ತು ಹುಡುಗರಿಗೆ ಅದನ್ನು ಪ್ರಾಜೆಕ್ಟ್ ಕೆಲಸ ಎಂದು ಹೇಳಿ ಹಂಚಿದೆ. ಇಂಟರ್ನಲ್ ಅಂಕ ಇದೆ ಎಂದೂ ಸೇರಿಸಿದೆ. ಎರಡು ಭಾನುವಾರ ಅವರು ನಾಲ್ಕು ವಾರ್ಡು ತಿರುಗಿದರು. ಅವರು ತಂದುಕೊಟ್ಟ ಹಾಳೆಗಳನ್ನು ಮನೆಯಲ್ಲಿ ಕೂತು ನಾನೇ ನೀಟಾಗಿ ನಕಲು ಮಾಡಿದೆ. ನಮ್ಮವರ ಹೆಸರಿಗೆ ಟಿಕ್, ಉಳಿದವರಿಗೆ ಜಾತಿಯ ಮೊದಲ ಅಕ್ಷರ. ಪಟ್ಟಿಯನ್ನು ಅಧ್ಯಕ್ಷರಿಗೆ ತಲುಪಿಸಿದೆ. ಕೆಟ್ಟ ಕೆಲಸ ಮಾಡುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಅದೇ ದಿನಗಳಲ್ಲಿ ನನಗೆ ಜಾಯ್ಸ್ ಪರಿಚಯವಾದಳು. ಕೆನ್ಯಾ ದೇಶದವಳು, ಇಪ್ಪತ್ತಾರು ವರ್ಷದ ಹೆಣ್ಣುಮಗಳು. ಭತ್ತದ ಮೇಲೆ ಸಂಶೋಧನೆ ಮಾಡಲು ಬಂದು ಆರು ತಿಂಗಳಿನಿಂದ ತುರ್ವಿಹಾಳ, ಬಳಗಾನೂರಿನ ಗದ್ದೆಗಳಲ್ಲಿ ಓಡಾಡುತ್ತಿದ್ದಳು. ನಮ್ಮ ಪಠ್ಯದಲ್ಲಿ ಆಫ್ರಿಕಾದ ರಾಜಕಾರಣ ಮತ್ತು ಬುಡಕಟ್ಟು ನಿಷ್ಠೆ ಎಂಬ ಪಾಠವಿದೆ. ಪ್ರತಿ ವರ್ಷ ನಾನು ಅದನ್ನು ದೂರದ ಕತೆಯ ಹಾಗೆ ಹೇಳಿ ಮುಗಿಸುತ್ತಿದ್ದೆ. ಈ ಸಲ ಅಲ್ಲಿಯವರ ಬಾಯಿಂದಲೇ ಕೇಳಿಸೋಣ ಎಂದು ಅವಳನ್ನು ಕಾಲೇಜಿಗೆ ಕರೆದೆ. ಅವಳು ಇಂಗ್ಲಿಷಿನಲ್ಲಿ ಮಾತಾಡುವುದು, ನಾನು ಕನ್ನಡದಲ್ಲಿ ಹೇಳುವುದು ಎಂದಾಯಿತು.

ಮೊದಲಿಗೆ ಎಲ್ಲ ಸರಾಗವಾಗಿತ್ತು. ಒಬ್ಬ ಹುಡುಗ ನಿಮ್ಮದು ಯಾವ ಬುಡಕಟ್ಟು ಎಂದು ಕೇಳಿದ. ಅವಳು ನಕ್ಕು, ಅದನ್ನು ಬಿಟ್ಟು ಬೇರೆ ಏನನ್ನಾದರೂ ಕೇಳು ಎಂದಳು. ಆಮೇಲೆ ತನ್ನ ಊರಿನ ವಿಷಯ ಹೇಳತೊಡಗಿದಳು. ಅವರ ಊರಿನಲ್ಲಿ ಅವರ ಜನರದೊಂದು ಸಾಂಸ್ಕೃತಿಕ ಸಂಘವಿತ್ತಂತೆ. ಹಾಡು, ಕುಣಿತ, ಸತ್ತವರ ಮನೆಗೆ ನೆರವು, ಮಕ್ಕಳ ಶಾಲೆಯ ಫೀ. ಅವಳ ತಂದೆ ಶಾಲಾ ಮಾಸ್ತರರು, ಸಂಘಕ್ಕೆ ಕಾರ್ಯದರ್ಶಿ. 2007ರ ಚುನಾವಣೆ ಹತ್ತಿರ ಬಂದಾಗ ದೊಡ್ಡವರು ಬಂದು, ಯಾವ ಓಣಿಯಲ್ಲಿ ಯಾವ ಮನೆ ಯಾವ ಬುಡಕಟ್ಟಿನದು ಎಂದು ಬರೆದುಕೊಡಿ ಎಂದರಂತೆ. ತಂದೆ ಬರೆದುಕೊಟ್ಟರು.

ನಾನು ಅದನ್ನು ಕನ್ನಡದಲ್ಲಿ ಹೇಳತೊಡಗಿದೆ. ಸಂಘ, ಫೀ, ಕಾರ್ಯದರ್ಶಿ ತನಕ ಹೇಳಿದೆ. ಬರೆದುಕೊಟ್ಟದ್ದನ್ನು ಹೇಳಲಿಲ್ಲ.

ಜಾಯ್ಸ್‌ಗೆ ಅದು ತಿಳಿಯಲಿಲ್ಲ. ಅವಳು ಮುಂದುವರಿದಳು. ಫಲಿತಾಂಶ ಬಂದ ಮೇಲೆ ಹುಡುಗರ ಗುಂಪು ಓಣಿಗೆ ಬಂತು. ಅವರಿಗೆ ಯಾರನ್ನೂ ಕೇಳುವ ಅಗತ್ಯವೇ ಬೀಳಲಿಲ್ಲ, ಕೈಯಲ್ಲಿ ಕಾಗದ ಇತ್ತು. ದಿನಾ ಬೆಳಿಗ್ಗೆ ಇವಳ ತಲೆಗೂದಲು ಹೆಣೆದುಕೊಡುತ್ತಿದ್ದ ಎದುರು ಮನೆಯ ಅಜ್ಜಿಯ ಮನೆಗೆ ಬೆಂಕಿ ಇಟ್ಟರು. ಅಜ್ಜಿ ಜೀವ ಉಳಿಸಿಕೊಂಡು ಹೋದವಳು ಮತ್ತೆ ಬರಲಿಲ್ಲ. "ಒಬ್ಬ ಹುಡುಗ ಕಾಗದ ಬೀಳಿಸಿ ಹೋದ. ನಾನು ಎತ್ತಿ ನೋಡಿದೆ. ನನ್ನ ಅಪ್ಪನ ಅಕ್ಷರ" ಎಂದಳು.

ಮಕ್ಕಳೆಲ್ಲ ನನ್ನ ಮುಖ ನೋಡುತ್ತಿದ್ದರು. ಪಟ್ಟಿ ಮಾಡಿದ ಹತ್ತು ಹುಡುಗರೂ ಅಲ್ಲೇ ಇದ್ದರು. ನಾನು ಹೇಳಿದ್ದು ಇಷ್ಟು: "ಚುನಾವಣೆ ಆದ ಮೇಲೆ ಅಲ್ಲಿ ದೊಡ್ಡ ಗಲಾಟೆ ಆಯಿತು. ಮನೆಗಳು ಸುಟ್ಟವು. ಮೇಡಂ ಅದನ್ನು ಕಣ್ಣಾರೆ ನೋಡಿದ್ದಾರೆ."

ಎರಡನೇ ಬೆಂಚಿನಿಂದ ಶಾಹೀನ್ ಎದ್ದು ನಿಂತಳು. ಇಂಗ್ಲಿಷಿನಲ್ಲಿ ನಮ್ಮ ಕಾಲೇಜಿಗೇ ಮುಂದಿದ್ದ ಹುಡುಗಿ, ಮೃದು ಮಾತಿನವಳು.

"ಸರ್, ಮೇಡಂ ಇನ್ನೊಂದು ಮಾತು ಹೇಳಿದ್ರು ರೀ. ಅದನ್ನ ನೀವು ಹೇಳ್ಲಿಲ್ಲ."

"ಟೈಂ ಆಗೇತಮ್ಮ. ಮುಖ್ಯ ಇದ್ದದ್ದು ಹೇಳೀನಿ. ಕುಂದ್ರು" ಎಂದೆ.

ಅವಳು ತಕ್ಷಣ ಕೂರಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇವರು ಹೀಗೆ ಮಾಡಿದರೇ ಎಂಬ ಅಚ್ಚರಿ ಇತ್ತು. ನಾನು ವಂದನಾರ್ಪಣೆ ಹೇಳಿ ಕಾರ್ಯಕ್ರಮ ಮುಗಿಸಿಬಿಟ್ಟೆ.

ಮಧ್ಯಾಹ್ನ ಜಾಯ್ಸ್‌ಳನ್ನು ಬಳಗಾನೂರಿನ ಒಬ್ಬ ರೈತರಿಗೆ ಭೇಟಿ ಮಾಡಿಸಬೇಕಿತ್ತು. ಬಸ್ಸಿನಲ್ಲಿ ಕೂತ ಮೇಲೆ ಜಾಯ್ಸ್, ಆ ಹುಡುಗಿ ಎದ್ದು ಏನು ಹೇಳಿದಳು ಎಂದು ಕೇಳಿದಳು. ಪರೀಕ್ಷೆಯ ಬಗ್ಗೆ ಏನೋ ಕೇಳಿದಳು ಎಂದೆ.

ಜಾಯ್ಸ್ ಕಿಟಕಿಯ ಕಡೆ ತಿರುಗಿದಳು. ಹೊರಗೆ ಕಾಲುವೆ, ಅದರಾಚೆ ಹಸಿರು ಭತ್ತ. "ಹೇಳ್ಲಿಲ್ಲ ಅನ್ನುವ ಪದ ನನಗೆ ಗೊತ್ತು ಸರ್. ಭತ್ತಕ್ಕೆ ಯಾವಾಗ ಹುಳದ ಎಣ್ಣೆ ಹೊಡೆದಿರಿ ಎಂದು ರೈತರನ್ನು ಕೇಳಿದರೆ ದಿನಾ ಇದೇ ಮಾತು ಬರುತ್ತದೆ. ನನ್ನ ಮಗ ಹೊಡೆದಾನ, ನನಗ ಹೇಳ್ಲಿಲ್ಲ ಅನ್ನುತ್ತಾರೆ" ಎಂದಳು.

ಇನ್ನೊಂದು ಸುಳ್ಳು ಹೇಳಲು ನನ್ನಲ್ಲಿ ಶಕ್ತಿ ಇರಲಿಲ್ಲ. ಪಟ್ಟಿಯ ವಿಷಯ, ಹುಡುಗರಿಗೆ ಪ್ರಾಜೆಕ್ಟ್ ಎಂದು ಸುಳ್ಳು ಹೇಳಿದ ವಿಷಯ, ಎಲ್ಲ ಹೇಳಿದೆ. ಹೇಳುತ್ತಲೇ, ನಮ್ಮಲ್ಲಿ ಅಂಥದ್ದೇನೂ ಆಗುವುದಿಲ್ಲ, ಇದು ಬರೀ ಟಿಕೆಟ್ಟಿನ ಲೆಕ್ಕ ಎಂದೂ ಸೇರಿಸಿದೆ. ನಾಚಿಕೆಯ ನಡುವೆಯೂ ನನ್ನ ಪರವಾಗಿ ವಾದ ಮಾಡುವುದನ್ನು ಬಿಡಲಿಲ್ಲ.

ಅವಳು ಬೈಯಲಿಲ್ಲ. "ನನ್ನ ಅಪ್ಪ ಒಳ್ಳೆಯ ಮನುಷ್ಯ ಎಂದು ನಮ್ಮ ಊರಲ್ಲಿ ಇವತ್ತಿಗೂ ಹೇಳುತ್ತಾರೆ. ಅದು ನಿಜವೇ. ಆದರೆ ಹೆಸರು ಬರೆದೆ ಅಷ್ಟೇ, ಬೆಂಕಿ ಇಟ್ಟದ್ದು ನಾನಲ್ಲ ಎಂದು ಅವರು ಅಷ್ಟು ಸಲ ಹೇಳಿದರು ನೋಡಿ, ಕೊನೆಗೆ ಮನೆಯಲ್ಲಿ ಎಲ್ಲರೂ ಅವರ ಜೊತೆ ಮಾತಾಡುವುದನ್ನೇ ಬಿಟ್ಟೆವು" ಎಂದಳು.

ಮರುದಿನ ಲಿಂಗಸೂಗೂರಿಗೆ ಹೋಗಿ ಪಟ್ಟಿ ವಾಪಸು ಕೊಡಿ ಎಂದೆ. ಅಧ್ಯಕ್ಷರಿಗೆ ನಗು ಬಂತು. "ಆಗ್ಲೇ ಹೋತಲ್ಲ ರೀ ಸರ. ಎಲ್ಲಾರಿಗೂ ಫೋನಿನ್ಯಾಗ ಕಳ್ಸೀನಿ. ಇದೇನು ಹೊಸಾದೇನ್ರಿ? ಪ್ರತಿ ಸಮಾಜದವ್ರೂ ಮಾಡ್ತಾರ. ನಾವು ಸುಮ್ನ ಕುಂತ್ರ ನಮ್ಮನ್ನ ಯಾರು ಕೇಳ್ತಾರ?" ಎಂದರು. ಕಾರ್ಯದರ್ಶಿ ಸ್ಥಾನ ಬಿಡುತ್ತೇನೆ ಎಂದು ಚೀಟಿ ಬರೆದುಕೊಟ್ಟೆ. ಕಾರಣ ಎಂಬಲ್ಲಿ ಆರೋಗ್ಯ ಸರಿಯಿಲ್ಲ ಎಂದು ಬರೆದೆ. ಅಲ್ಲಿಯೂ ನಿಜ ಬರೆಯುವ ಧೈರ್ಯ ಬರಲಿಲ್ಲ.

ಸೋಮವಾರ ತರಗತಿಯಲ್ಲಿ ಮಾತ್ರ ಹೇಳಿದೆ. ಜಾಯ್ಸ್ ಹೇಳಿದ್ದನ್ನು ಪೂರ್ತಿ ಕನ್ನಡದಲ್ಲಿ ಹೇಳಿ, ಪ್ರಾಜೆಕ್ಟ್ ಎಂದು ನಿಮ್ಮ ಕೈಯಲ್ಲಿ ಮಾಡಿಸಿದ್ದೂ ಅಂಥದ್ದೇ ಪಟ್ಟಿ, ತಪ್ಪು ನನ್ನದು, ನಿಮ್ಮದಲ್ಲ ಎಂದೆ. ಹುಡುಗರು ತಲೆ ತಗ್ಗಿಸಿದರು.

ಬೆಲ್ ಹೊಡೆದ ಮೇಲೆ ಶಾಹೀನ್ ಬಾಗಿಲ ಬಳಿ ನಿಂತಿದ್ದಳು. ಕ್ಷಮಿಸಮ್ಮ ಎನ್ನಬೇಕೆಂದು ಹತ್ತಿರ ಹೋದೆ. ಅವಳೇ ಮೊದಲು ಮಾತಾಡಿದಳು.

"ಸರ್, ನಮ್ಮ ಓಣಿಗೂ ಬಂದಿದ್ರು ರೀ ಈ ಹುಡುಗ್ರು. ನಾ ಮನ್ಯಾಗ ಇದ್ದಿಲ್ಲ. ನಿಮ್ಮ ಹೆಸರು ಹೇಳಿದ್ರಂತ. ಅಮ್ಮಿ ಒಳಗ ಕರ್ದು ಕುಂದ್ರಿಸಿ ಚಾ ಮಾಡಿ ಕೊಟ್ಟಾಳ. ಓಣ್ಯಾಗ ಯಾರ ಮನಿ ಯಾವುದು ಅಂತ ಅಕೀನೇ ಸಂಗಾಟ ಹೋಗಿ ತೋರ್ಸ್ಯಾಳ ರೀ."

ಅಷ್ಟು ಹೇಳಿ ಹೋದಳು.

ಚುನಾವಣೆ ಶಾಂತವಾಗಿ ಮುಗಿಯಿತು. ಯಾರ ಮನೆಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ, ಬಿಡ್ರಿ ಎಂದು ನನ್ನ ಹೆಂಡತಿಯೂ ಸಮಾಧಾನ ಹೇಳುತ್ತಾಳೆ. ಆದರೆ ಆ ಪಟ್ಟಿ ಇನ್ನೂ ಯಾರ್ಯಾರದೋ ಫೋನಿನಲ್ಲಿದೆ. ಅದನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ.

ಹೋದ ವರ್ಷ ಮಸ್ಕಿಯ ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ನೋಡಿ ಸಲಾಂ ಮಾಡಿದಳು. "ನಾ ಶಾಹೀನಳ ಅಮ್ಮಿ ರೀ ಸರ್. ಅಕಿ ಈಗ ಬಿ.ಎಡ್. ಮಾಡಾಕತ್ತ್ಯಾಳ. ಎಲ್ಲಾ ನಿಮ್ಮ ಮೆಹರ್ಬಾನಿ. ಅವತ್ತು ನಿಮ್ಮ ಹುಡುಗ್ರು ಬಂದಿದ್ರು, ನೀವ್ ಮಾತ್ರ ಬರ್ಲಿಲ್ಲ. ಒಮ್ಮಿ ಮನಿಗೆ ಬರ್ರಿ" ಎಂದಳು.

ಪಟ್ಟಿ ಯಾತಕ್ಕೆ ಎಂದು ಶಾಹೀನ್ ಅವಳಿಗೆ ಏನೂ ಹೇಳಿಲ್ಲ ಎಂದು ಆಗ ತಿಳಿಯಿತು. ಮಗಳು ನನ್ನ ಮಾನ ಉಳಿಸಿದ್ದಳು. ಬರ್ತೀನಮ್ಮ ಎಂದೆ. ಇವತ್ತಿನ ತನಕ ಹೋಗಿಲ್ಲ.